30 ದಿನದ ಹೌಸ್ ವೈರಿಂಗ್ ಕೋರ್ಸ್: ಕಲಿಸಿದ್ದು ಚೆನ್ನಾಗಿತ್ತು, ಆ ಒಂದು ತಿಂಗಳು ಮನೆ ನಡೆಸಿದ್ದು ಕಷ್ಟವಾಯಿತು

ಕೆಜಿಎಫ್‌ನಲ್ಲಿ ಉಚಿತವಾಗಿ ನಡೆಯುವ 30 ದಿನದ ಹೌಸ್ ವೈರಿಂಗ್ ತರಬೇತಿಗೆ ಹೋಗಿದ್ದೆ. ಮುಗಿಸಿ ಏಳು ತಿಂಗಳಾಯಿತು. ಸೇರಬೇಕಾ, ಬೇಡ್ವಾ ಅಂತ ನಮ್ಮ ಲೈನ್‌ನ, ಅಂದರೆ ಗಣಿ ಕೆಲಸಗಾರರ ಸಾಲುಮನೆಗಳ ಹೆಣ್ಣುಮಕ್ಕಳು ಆಗಾಗ ಕೇಳುತ್ತಾರೆ. ಒಬ್ಬೊಬ್ಬರಿಗೆ ಒಂದೊಂದು ತುಣುಕು ಹೇಳುವುದಕ್ಕಿಂತ ಒಂದು ಸಲ ಪೂರ್ತಿ ಬರೆದುಬಿಡೋಣ ಅನ್ನಿಸಿತು. ಕಲಿಯುವ ವಿಷಯದಲ್ಲಿ ಧೈರ್ಯವಾಗಿ ಸೇರಿ. ಆದರೆ ಒಂದು ತಿಂಗಳ ಸಂಪಾದನೆ ಇಲ್ಲದೆ ಮನೆ ನಡೆಯುತ್ತದಾ ಅಂತ ಮೊದಲು ಲೆಕ್ಕ ಹಾಕಿಕೊಳ್ಳಿ.

ನಮ್ಮಪ್ಪ ಗಣಿಯಲ್ಲಿದ್ದರು. 2001ರ ಫೆಬ್ರವರಿ 28ಕ್ಕೆ ಗಣಿ ಮುಚ್ಚಿದಾಗ ನಾನು ಮೂರನೇ ಕ್ಲಾಸು. ಅವತ್ತಿನಿಂದ ನಮ್ಮೂರಿಗೆ ರೈಲೇ ಗತಿ. ಮಾರಿಕುಪ್ಪಂ, ಚಾಂಪಿಯನ್, ಊರಿಗಾಂ, ಕೋರಮಂಡಲ್, ಒಂದೊಂದು ಸ್ಟೇಷನ್‌ನಲ್ಲೂ ಬೆಳಗಿನ ಜಾವ ಡಬ್ಬಿ ಹಿಡಿದು ನಿಂತಿರುವ ಜನ. ನಾನೂ ಒಂಬತ್ತು ವರ್ಷ ಆ ರೈಲಿನಲ್ಲೇ ಬೆಂಗಳೂರಿನ ಗಾರ್ಮೆಂಟ್ಸ್‌ಗೆ ಹೋಗಿ ಬಂದೆ. ಕೊನೆಗೆ ತಿಂಗಳಿಗೆ 12 ಸಾವಿರದ ಹತ್ತಿರ ಕೈಗೆ ಬರುತ್ತಿತ್ತು. ಅಮ್ಮ ಬಿದ್ದು ಸೊಂಟ ಮುರಿದುಕೊಂಡ ಮೇಲೆ ರಾತ್ರಿ ಒಂಬತ್ತಕ್ಕೆ ಮನೆ ಸೇರುವ ಕೆಲಸ ಮಾಡೋಕೆ ಆಗಲಿಲ್ಲ. ಊರಲ್ಲೇ ಏನಾದರೂ ಬೇಕಿತ್ತು.

ಆಗ ಕಣ್ಣಿಗೆ ಬಿದ್ದದ್ದು ರಾಬರ್ಟ್‌ಸನ್‌ಪೇಟೆಯ ಈ ಕೇಂದ್ರ. ಹೆಸರು ಬರೆಯುವುದಿಲ್ಲ, ಕೆಲವು ಕೊರತೆ ಹೇಳಬೇಕಿದೆ. ಖರ್ಚು ಒಂದು ಕಂಪನಿಯದು. 2013ರ ಕಂಪನಿ ಕಾಯ್ದೆ ಪ್ರಕಾರ ದೊಡ್ಡ ಕಂಪನಿಗಳು ಹಿಂದಿನ ಮೂರು ವರ್ಷದ ಸರಾಸರಿ ಲಾಭದಲ್ಲಿ ನೂರಕ್ಕೆ 2ರಷ್ಟನ್ನು ಸಮಾಜದ ಕೆಲಸಕ್ಕೆ ಖರ್ಚು ಮಾಡಬೇಕು, ಅಲ್ವಾ? ಆ ದುಡ್ಡು. ಫೀಸು ಇಲ್ಲ. ಆಧಾರ್, ರೇಷನ್ ಕಾರ್ಡ್, ಎರಡು ಫೋಟೋ ಕೊಟ್ಟರೆ ಸಾಕು. ಗಣಿ ಲೈನ್‌ಗಳವರಿಗೆ ಮೊದಲ ಅವಕಾಶ ಅಂತ ಬೋರ್ಡ್ ಹಾಕಿದ್ದರು. ನಮ್ಮ ಬ್ಯಾಚಿನಲ್ಲಿ 25 ಜನ. ಅದರಲ್ಲಿ ನಾವು ಹೆಂಗಸರು ನಾಲ್ಕು.

ಮೇಷ್ಟ್ರ ಬಗ್ಗೆ ಸ್ವಲ್ಪ ಜಾಸ್ತಿಯೇ ಬರೆಯಬೇಕು. ಅವರು ಗಣಿಯ ಎಲೆಕ್ಟ್ರಿಕಲ್ ಸೆಕ್ಷನ್‌ನಲ್ಲಿ ಇದ್ದವರು. ಕನ್ನಡ, ತಮಿಳು, ತೆಲುಗು ಮೂರರಲ್ಲೂ ಪಾಠ ಮಾಡುತ್ತಾರೆ, ಯಾರ ಮುಖದಲ್ಲಿ ಅರ್ಥವಾಗದ ಹಾಗೆ ಕಂಡರೆ ಅವರ ಭಾಷೆಗೆ ಹೊರಳುತ್ತಾರೆ. ಮೊದಲ ದಿನ ಸ್ವಿಚ್ಚು, ವೈರು ಏನೂ ಮುಟ್ಟಿಸಲಿಲ್ಲ. "ಬೆಂಗಳೂರಿಗೆ ಕರೆಂಟ್ ಬಂದದ್ದು ಯಾವಾಗ?" ಅಂತ ಕೇಳಿದರು. ಯಾರಿಗೂ ಗೊತ್ತಿರಲಿಲ್ಲ. "1905. ನಮ್ಮೂರಿಗೆ 1902ರಲ್ಲೇ ಬಂತು. ಶಿವನಸಮುದ್ರದಿಂದ ಇಲ್ಲಿವರೆಗೆ ಕಂಬ ನೆಟ್ಟು, ತಂತಿ ಎಳೆದು ತಂದರು, ಗಣಿ ಯಂತ್ರ ಓಡಿಸೋಕೆ. ಕರೆಂಟಿನ ಕೆಲಸ ನಮ್ಮೂರಿಗೆ ಹೊಸದಲ್ಲ ಕಣ್ರಪ್ಪ" ಅಂದರು. ಹಿಂದಿನ ಬೆಂಚಿನಲ್ಲಿ ಮೊಬೈಲ್ ನೋಡುತ್ತಿದ್ದ ಹುಡುಗರೂ ತಲೆ ಎತ್ತಿದರು. ನಮ್ಮೂರು ಅಂದರೆ ಮುಚ್ಚಿಹೋದ ಊರು ಅಂತಲೇ ಕೇಳಿ ಬೆಳೆದವರು ನಾವು.

ಐದನೇ ದಿನ ನಡೆದದ್ದನ್ನು ನಾನು ಮರೆಯುವುದಿಲ್ಲ. ಒಂದು ಹಲಗೆ ಮೇಲೆ ಒಂದು ಸ್ವಿಚ್ಚು, ಒಂದು ಹೋಲ್ಡರ್, ಒಂದು ಬಲ್ಬು. ಜೋಡಿಸಿ ತೋರಿಸಿ ಅಂದರು. ನಾನು ಬೇಗ ಮುಗಿಸಿದೆ. ಸ್ವಿಚ್ ಒತ್ತಿದರೆ ಬಲ್ಬ್ ಹತ್ತಿತು, ಮತ್ತೆ ಒತ್ತಿದರೆ ಆರಿತು. ಖುಷಿಯಲ್ಲಿ ಮೇಷ್ಟ್ರನ್ನು ಕರೆದೆ. ಅವರು ಸ್ವಿಚ್ ಆಫ್ ಮಾಡಿ, ಬಲ್ಬ್ ಬಿಚ್ಚಿ, ಹೋಲ್ಡರ್ ಒಳಗೆ ಟೆಸ್ಟರ್ ಇಟ್ಟರು. ಟೆಸ್ಟರ್ ಹತ್ತಿತು. ಆಫ್ ಆಗಿರುವ ಸ್ವಿಚ್, ಆದರೂ ಹೋಲ್ಡರ್‌ನಲ್ಲಿ ಕರೆಂಟ್! ನಾನು ಸ್ವಿಚ್ಚನ್ನು ಕರೆಂಟ್ ಬರುವ ಫೇಸ್ ವೈರಿಗೆ ಕೊಡುವ ಬದಲು, ವಾಪಸ್ ಹೋಗುವ ನ್ಯೂಟ್ರಲ್‌ಗೆ ಕೊಟ್ಟಿದ್ದೆ. "ಬಲ್ಬ್ ಹತ್ತಿತು ಅಂತ ಕೆಲಸ ಸರಿ ಅಂದ್ಕೋಬೇಡಮ್ಮ. ನಾಳೆ ಯಾರೋ ಸ್ವಿಚ್ ಆಫ್ ಮಾಡಿದೀನಿ ಅಂತ ನಂಬಿ ಬಲ್ಬ್ ಬದಲಾಯಿಸೋಕೆ ಕೈ ಹಾಕ್ತಾರೆ" ಅಂದರು. ಬೈಯಲಿಲ್ಲ. ಎಲ್ಲರನ್ನೂ ಕರೆದು ನನ್ನ ಹಲಗೆ ತೋರಿಸಿ, ಮತ್ತೆ ಬಿಚ್ಚಿ ಜೋಡಿಸು ಅಂದರು. ಕೆಂಪು ಫೇಸ್, ಕಪ್ಪು ನ್ಯೂಟ್ರಲ್, ಹಸಿರು ಅರ್ಥ್. ಇವತ್ತಿಗೂ ವೈರ್ ಕೈಗೆ ತೆಗೆದುಕೊಂಡರೆ ಬಾಯಲ್ಲಿ ಅದೇ ಬರುತ್ತದೆ.

ಆಮೇಲೆ ಮೆಟ್ಟಿಲಿನ ವೈರಿಂಗ್, ಕೆಳಗೊಂದು ಮೇಲೊಂದು ಟು ವೇ ಸ್ವಿಚ್ಚು. ಅರ್ಥಿಂಗ್‌ಗೆ ಕೇಂದ್ರದ ಹಿಂದೆಯೇ ಗುಂಡಿ ತೋಡಿಸಿ, ಪೈಪ್ ಇಟ್ಟು, ಸುತ್ತ ಇದ್ದಿಲು ಮತ್ತು ಉಪ್ಪನ್ನು ಪದರ ಪದರವಾಗಿ ನಮ್ಮ ಕೈಯಿಂದಲೇ ಹಾಕಿಸಿದರು. 30 ಮಿಲಿ ಆಂಪಿಯರ್ ಕರೆಂಟ್ ಸೋರಿದರೂ ತಾನೇ ಲೈನ್ ಕತ್ತರಿಸುವ ಆರ್‌ಸಿಸಿಬಿ ಅನ್ನುವ ಸುರಕ್ಷತೆಯ ಸ್ವಿಚ್ಚು ಯಾಕೆ ಬೇಕು ಅಂತ ಅರ್ಧ ದಿನ ಹೇಳಿದರು. ಇಷ್ಟು ಕಾಳಜಿಯಿಂದ ನನಗೆ ಹೈಸ್ಕೂಲಿನಲ್ಲೂ ಯಾರೂ ಕಲಿಸಿರಲಿಲ್ಲ.

ಈಗ ಕೊರತೆ. 25 ಜನಕ್ಕೆ ಎರಡೇ ಮಲ್ಟಿಮೀಟರ್. ಮೂರನೇ ವಾರಕ್ಕೆ ಹೊಸ ವೈರ್ ಖಾಲಿ. ಹಿಂದಿನ ಬ್ಯಾಚಿನ ತುಂಡುಗಳನ್ನೇ ಮತ್ತೆ ಮತ್ತೆ ಸುಲಿದು, ಗೇಣುದ್ದ ಆಗುವ ತನಕ ಬಳಸಿದೆವು. ಗೋಡೆಗೆ ಇಷ್ಟೊಂದು ಬಣ್ಣ, ಕಂಪನಿಯ ದೊಡ್ಡ ಫ್ಲೆಕ್ಸ್, ಉದ್ಘಾಟನೆಗೆ ಶಾಲು ಹಾರ ಎಲ್ಲ ಇತ್ತು. ವೈರಿಗೆ ದುಡ್ಡು ಸಾಲಲಿಲ್ಲ ಅಂದರೆ ಬೇಜಾರಾಗುತ್ತದೆ.

ಅದಕ್ಕಿಂತ ದೊಡ್ಡ ಕೊರತೆ ಖಾಲಿಯಾದ ಬೆಂಚುಗಳಲ್ಲಿತ್ತು. 25 ಜನ ಶುರು ಮಾಡಿದೆವು, ಕೊನೆಗೆ 16 ಜನ ಉಳಿದೆವು. ಬಿಟ್ಟುಹೋದವರನ್ನು ಆಫೀಸಿನವರು "ಆಸಕ್ತಿ ಇಲ್ಲ" ಅಂತ ಬರೆದುಕೊಂಡರು. ಅದು ಸುಳ್ಳು. ನನ್ನ ಪಕ್ಕ ಕೂರುತ್ತಿದ್ದವಳು ಬೇತಮಂಗಲದ ಕಡೆಯವಳು. ಶಕ್ತಿ ಯೋಜನೆ ಇದ್ದದ್ದರಿಂದ ಬಸ್ಸಿಗೆ ದುಡ್ಡು ಬೇಕಿರಲಿಲ್ಲ, ಇಲ್ಲದಿದ್ದರೆ ಅವಳು ಮೊದಲ ದಿನವೂ ಬರುತ್ತಿರಲಿಲ್ಲ. ಕೈ ಎಷ್ಟು ಚುರುಕು ಅಂದರೆ ಮೇಷ್ಟ್ರು ನಮಗೆ ಅವಳ ಹಲಗೆ ನೋಡಿ ಕಲೀರಿ ಅನ್ನುತ್ತಿದ್ದರು. ಅವಳಿಗೆ ಪ್ರತಿ ಮಂಗಳವಾರ ಸಂಘದ ಕಂತು, 750 ರೂಪಾಯಿ. ಕೂಲಿಗೆ ಹೋಗದೆ ಎರಡು ಮಂಗಳವಾರ ಹೇಗೋ ತಳ್ಳಿದಳು. ಮೂರನೇ ಮಂಗಳವಾರ ಕಂತು ವಸೂಲಿಗೆ ಬಂದವರು ಮನೆ ಬಾಗಿಲಲ್ಲಿ ಕೂತರಂತೆ. ಬುಧವಾರ ಅವಳು ಕ್ಲಾಸಿಗೆ ಬರಲಿಲ್ಲ, ಟೊಮೇಟೊ ತೋಟಕ್ಕೆ ಹೋದಳು. ಹದಿನೆಂಟು ದಿನ ಕಲಿತವಳು ಸರ್ಟಿಫಿಕೇಟ್ ಇಲ್ಲದೆ ಹೋದಳು. ಗಂಡು ಹುಡುಗರಲ್ಲಿ ಇಬ್ಬರು ಬಸ್ ಚಾರ್ಜಿಗೆ ಆಗದೆ ಬಿಟ್ಟರು.

ನಮ್ಮ ಬೀದಿಯಲ್ಲೇ ಒಬ್ಬರು ಗಾರೆ ಕೆಲಸದವರು ಇದ್ದಾರೆ, ನಾನು ಚಿಕ್ಕಪ್ಪ ಅಂತ ಕರೆಯುತ್ತೇನೆ. ಅವರು ಪಿಎಂ ವಿಶ್ವಕರ್ಮ ಯೋಜನೆಯಲ್ಲಿ ತರಬೇತಿಗೆ ಹೋಗಿದ್ದರು. 2023ರ ಸೆಪ್ಟೆಂಬರ್‌ನಲ್ಲಿ ಶುರುವಾದ ಯೋಜನೆ ಅದು. ಅಲ್ಲಿ ತರಬೇತಿಯ ದಿನಕ್ಕೆ 500 ರೂಪಾಯಿ ಭತ್ಯೆ, ಉಪಕರಣ ಕೊಳ್ಳಲು 15 ಸಾವಿರದವರೆಗೆ ನೆರವು. ಗಾರೆಯವರು, ಬಡಗಿಗಳು, ದರ್ಜಿಗಳು ಎಲ್ಲ ಸೇರಿ 18 ಕಸುಬಿಗೆ ಸಿಗುತ್ತದೆ. ಆ ಪಟ್ಟಿಯಲ್ಲಿ ವೈರಿಂಗ್ ಇಲ್ಲ. "ಕೂಲಿ ಹೋಯ್ತು ಅನ್ನೋ ಚಿಂತೆ ಇರ್ಲಿಲ್ಲಮ್ಮ, ಅದಕ್ಕೆ ಕೂತು ಕಲಿತೆ" ಅಂದರು ಚಿಕ್ಕಪ್ಪ. ನಮ್ಮ ಕೇಂದ್ರದಲ್ಲಿ ಇಲ್ಲದೇ ಇದ್ದದ್ದು ಅದೇ. ಉಜಿರೆಯಲ್ಲಿ 1982ರಲ್ಲಿ ಶುರುವಾದ ಸ್ವಉದ್ಯೋಗ ತರಬೇತಿ ಸಂಸ್ಥೆ ರುಡ್‌ಸೆಟ್‌ನ ಮಾದರಿಯಲ್ಲೂ ಊಟ, ವಸತಿ, ಕಲಿಕೆ ಎಲ್ಲ ಉಚಿತ. ಮುಗಿದ ಮೇಲೆ ಎರಡು ವರ್ಷ ಏನು ಮಾಡ್ತಿದೀರಿ ಅಂತ ವಿಚಾರಿಸುತ್ತಾರೆ. ನಮಗೆ ಮಧ್ಯಾಹ್ನ ಒಂದು ಟೀ, ಎರಡು ಬಿಸ್ಕತ್ತು ಇತ್ತು. ಮುಗಿದ ಮೇಲೆ ಒಂದೇ ಒಂದು ಫೋನ್ ಬಂತು, ಅದೂ ಸಂಬಳದ ಚೀಟಿ ಇದ್ದರೆ ಫೋಟೋ ಕಳಿಸಿ ಅಂತ.

ಕೆಲಸ ಕೊಡಿಸುತ್ತೇವೆ ಅಂದಿದ್ದರು. ಕೊಡಿಸಿದ್ದು ನರಸಾಪುರದ ಕಡೆ ಒಂದು ಕಾರ್ಖಾನೆಯಲ್ಲಿ ಅಸೆಂಬ್ಲಿ ಲೈನ್ ಕೆಲಸ. ಆರು ಹುಡುಗರು ವ್ಯಾನ್ ಹತ್ತಿ ಹೋದರು. ಸಂಬಳ ಬಂತು, ಒಳ್ಳೆಯದೇ. ಆದರೆ ವೈರಿಂಗಿಗೂ ಅದಕ್ಕೂ ಸಂಬಂಧವಿಲ್ಲ. ಆ ಕೆಲಸಕ್ಕೆ 30 ದಿನ ಹಲಗೆ ಮುಂದೆ ಕೂರುವ ಅಗತ್ಯವೇ ಇರಲಿಲ್ಲ.

ಇನ್ನೊಂದು ವಿಷಯ ಸೇರುವಾಗಲೇ ಹೇಳಬೇಕಿತ್ತು, ಕೊನೆಯ ವಾರ ಹೇಳಿದರು. ಈ ಸರ್ಟಿಫಿಕೇಟ್ ಬೇರೆ, ವೈರ್‌ಮನ್ ಪರ್ಮಿಟ್ ಬೇರೆ. ಹೊಸ ಮನೆಗೆ ಬೆಸ್ಕಾಂ ಮೀಟರ್ ಹಾಕಿಸಬೇಕಾದರೆ ಲೈಸೆನ್ಸ್ ಇರುವ ಕಂಟ್ರಾಕ್ಟರ್ ಮೂಲಕವೇ ಹೋಗಬೇಕು. ನಾವು ರಿಪೇರಿ ಮಾಡಬಹುದು, ಅಂಥವರ ಕೈಕೆಳಗೆ ಕೆಲಸ ಮಾಡಬಹುದು. ಇದರಿಂದ ಮನಸ್ಸು ಮುರಿಯಬೇಕಿಲ್ಲ, ಆದರೆ ತಿಳಿದುಕೊಂಡು ಸೇರಿ.

ನನ್ನ ಕಥೆ ಹೇಳುತ್ತೇನೆ. ಮುಗಿದ ಮರುದಿನ ನನ್ನ ಹತ್ತಿರ ಒಂದು ಟೆಸ್ಟರ್ ಬಿಟ್ಟರೆ ಏನೂ ಇರಲಿಲ್ಲ. ಕಟಿಂಗ್ ಪ್ಲೇಯರ್, ಸ್ಕ್ರೂ ಡ್ರೈವರ್ ಸೆಟ್, ಮಲ್ಟಿಮೀಟರ್, ಡ್ರಿಲ್ ಎಲ್ಲ ಸೇರಿ 4,800 ಆಯಿತು. ಕಿವಿಯ ಓಲೆ ಅಡ ಇಟ್ಟೆ. ಮೂರು ವಾರ ಯಾರೂ ಕರೆಯಲಿಲ್ಲ. ಕೊನೆಗೆ ಚಾಂಪಿಯನ್ ಕಡೆ ಲೈನ್ ಮನೆಯ ಒಬ್ಬ ಅಜ್ಜಿ ಕರೆದರು. "ಯಾಕಮ್ಮ, ಗಂಡಸರು ಯಾರೂ ಬರ್ಲಿಲ್ವಾ?" ಅಂದರು. "ನಾನೇ ಅಜ್ಜಿ, ಒಂದು ಸಲ ನೋಡಿ" ಅಂದೆ. ಬಚ್ಚಲಿನ ಬಲ್ಬ್ ಬದಲಾಯಿಸುವಾಗ ಮೊಮ್ಮಗನಿಗೆ ಶಾಕ್ ಹೊಡೆದಿತ್ತಂತೆ, ಸ್ವಿಚ್ ಆಫ್ ಮಾಡಿಯೇ ಮುಟ್ಟಿದ್ದನಂತೆ. ಟೆಸ್ಟರ್ ಇಟ್ಟೆ, ಹತ್ತಿತು. ಐದನೇ ದಿನ ನಾನು ಮಾಡಿದ್ದ ಅದೇ ತಪ್ಪು, ಯಾರೋ ಎಷ್ಟೋ ವರ್ಷದ ಹಿಂದೆ ಮಾಡಿ ಹೋಗಿದ್ದರು. ಮೇನ್ ಆಫ್ ಮಾಡಿ, ಎರಡು ವೈರ್ ಬದಲಿಸಿ, ಮತ್ತೆ ಟೆಸ್ಟರ್ ಇಟ್ಟು ಅಜ್ಜಿಗೇ ತೋರಿಸಿದೆ. 150 ರೂಪಾಯಿ ಕೊಟ್ಟರು. ಮಾರನೆಯ ದಿನ ಆ ಸಾಲಿನ ಮೂರು ಮನೆಯಿಂದ ಕರೆ ಬಂತು. ಗಂಡಸರಿಲ್ಲದ ಹೊತ್ತಿನಲ್ಲೂ ಧೈರ್ಯವಾಗಿ ಒಳಗೆ ಕರೆಯಬಹುದು ಅಂತ ಹೆಂಗಸರು ನನ್ನನ್ನೇ ಕರೆಯುತ್ತಾರೆ. ಈಗ ತಿಂಗಳಿಗೆ ಒಂಬತ್ತು, ಹತ್ತು ಸಾವಿರ ಸಿಗುತ್ತಿದೆ. ಗಾರ್ಮೆಂಟ್ಸ್‌ಗಿಂತ ಕಡಿಮೆ. ಆದರೆ ಮಧ್ಯಾಹ್ನ ಮನೆಗೆ ಬಂದು ಅಮ್ಮನಿಗೆ ಊಟ, ಮಾತ್ರೆ ಕೊಟ್ಟು ಹೋಗುತ್ತೇನೆ. ಓಲೆ ಹೋದ ತಿಂಗಳು ಬಿಡಿಸಿಕೊಂಡೆ.

ದುಡ್ಡು ಕೊಡುವ ಕಂಪನಿಯವರು ಇದನ್ನು ಓದಿದರೆ ಕೈ ಮುಗಿದು ಕೇಳುತ್ತೇನೆ. ಒಬ್ಬರಿಗೆ ಇಷ್ಟು ಅಂತ ಕೇಂದ್ರಕ್ಕೆ ಕೊಡುವುದರ ಜೊತೆಗೆ ಕಲಿಯುವವರ ಕೈಗೂ ದಿನಕ್ಕೆ ಒಂದಿಷ್ಟು ಕೊಡಿ, ವಾರ ವಾರ ಕೊಡಿ, ಕಂತಿನ ದಿನಕ್ಕೆ ಮುಂಚೆ ಸಿಗಲಿ. ಸರ್ಟಿಫಿಕೇಟ್ ಜೊತೆ ಒಂದು ಟೂಲ್ ಬ್ಯಾಗ್ ಕೊಡಿ. ಫ್ಲೆಕ್ಸ್ ಚಿಕ್ಕದಾದರೂ ಪರವಾಗಿಲ್ಲ. ಸೇರುವವರು ಮೊದಲೇ ಕೇಳಿ: ಭತ್ಯೆ ಇದೆಯಾ, ಊಟ ಇದೆಯಾ, ಟೂಲ್ಸ್ ಕೊಡ್ತೀರಾ, ಹಿಂದಿನ ಬ್ಯಾಚಿನವರು ಯಾರಾದರೂ ಇದೇ ಕೆಲಸ ಮಾಡ್ತಿದಾರಾ. ಅವರ ನಂಬರ್ ಇಸ್ಕೊಂಡು ಮಾತಾಡಿ.

ಮುಂದಿನ ಬ್ಯಾಚ್ ಹೊಸ ತಿಂಗಳಲ್ಲಿ ಶುರುವಾಗುತ್ತದೆ. ಬೇತಮಂಗಲದವಳಿಗೆ ಫೋನ್ ಮಾಡಿದ್ದೆ. ಮತ್ತೆ ಮೊದಲಿಂದ ಕೂರಬೇಕಂತೆ, ಆದರೂ ಬರುತ್ತೇನೆ ಅಂದಳು. ತಿಂಗಳಿಗೆ ನಾಲ್ಕು ಮಂಗಳವಾರ, ಒಟ್ಟು 3,000 ರೂಪಾಯಿ. ಆ ನಾಲ್ಕು ಕಂತನ್ನು ನಮ್ಮ ಬ್ಯಾಚಿನ ಮೂರು ಹೆಂಗಸರು ಸೇರಿ ಕಟ್ಟುತ್ತಿದ್ದೇವೆ. ನನ್ನ ಪಾಲಿನ ಸಾವಿರ ತೆಗೆದಿಟ್ಟಿದ್ದೇನೆ.