ಪಿಕಪ್ ಇಂಜಿನ್ ಟಕ್ ಟಕ್ ಅಂತಿದೆಯಾ? ಬೋರ್ ಮಾಡಿಸುವ ಮೊದಲು ಇಂಜೆಕ್ಟರ್ ನೋಡಿಸಿ

ಡೀಸೆಲ್ ಪಿಕಪ್ ಇಟ್ಟುಕೊಂಡು ಬಾಡಿಗೆ ಹೊಡೆಯುವವರು ದಯವಿಟ್ಟು ಇದನ್ನು ಪೂರ್ತಿ ಓದಿ. ಇಂಜಿನ್‌ನಲ್ಲಿ ಹೊಸ ಸದ್ದು, ಸೈಲೆನ್ಸರ್‌ನಲ್ಲಿ ಹೊಗೆ, ಎರಡೂ ಒಟ್ಟಿಗೆ ಶುರುವಾದರೆ ಇಂಜೆಕ್ಟರ್ (ಸಿಲಿಂಡರಿನೊಳಗೆ ಡೀಸೆಲ್ ಚಿಮ್ಮಿಸುವ ಪಾರ್ಟ್) ಟೆಸ್ಟ್ ಆಗದೆ ಇಂಜಿನ್ ಬಿಚ್ಚಲು ಒಪ್ಪಬೇಡಿ. ನಾನು ಒಪ್ಪಿದೆ. ಒಂದೇ ಇಂಜಿನ್ ಎರಡು ಸಲ ಬಿಚ್ಚಿದ್ದಾಯಿತು. ಟೊಮ್ಯಾಟೊ ಸೀಸನ್ನೂ ಕೈತಪ್ಪಿತು.

ನಾನು ಶ್ರೀನಿವಾಸಪುರದ ಕಡೆಯ ತೋಟಗಳಿಂದ ಕೋಲಾರ ಎಪಿಎಂಸಿಗೆ ಟೊಮ್ಯಾಟೊ ಸಾಗಿಸುತ್ತೇನೆ. 15 ಕೆಜಿಯ ಬಾಕ್ಸು, ಲೋಡಿಗೆ ಹೆಚ್ಚುಕಮ್ಮಿ 90. ಗಾಡಿ ಆರು ವರ್ಷದ್ದು, ನಾಲ್ಕು ಸಿಲಿಂಡರಿನ ಕಾಮನ್ ರೈಲ್ ಡೀಸೆಲ್, ಅಂದರೆ ಎಲ್ಲ ಇಂಜೆಕ್ಟರ್‌ಗಳಿಗೂ ಒಂದೇ ಹೈ ಪ್ರೆಷರ್ ಪೈಪಿನಿಂದ ಡೀಸೆಲ್ ಹೋಗುವ ಇಂಜಿನ್.

ಜೂನ್ ತಿಂಗಳ ಒಂದು ಬೆಳಗ್ಗೆ, ಇನ್ನೂ ಕತ್ತಲು. ಸ್ಟಾರ್ಟ್ ಮಾಡಿದ ಕೂಡಲೇ ಹಿಂದೆ ಬಿಳಿ ಹೊಗೆ ತುಂಬಿಕೊಂಡಿತು. ಕಣ್ಣು ಉರಿಯಿತು. ಹಸಿ ಡೀಸೆಲ್ ವಾಸನೆ. ಜೊತೆಗೆ ಕಬ್ಬಿಣದ ಮೇಲೆ ಚಿಕ್ಕ ಸುತ್ತಿಗೆಯಲ್ಲಿ ಬಡಿದ ಹಾಗೆ ಟಕ್ ಟಕ್ ಟಕ್. ಹತ್ತು ನಿಮಿಷ ಓಡಿಸಿದ ಮೇಲೆ ಎರಡೂ ಕಮ್ಮಿಯಾದವು. ರಾತ್ರಿ ಮಳೆ ಬಂದಿತ್ತು, ತಂಪಿಗೆ ಹೀಗಾಗಿರಬೇಕು ಅಂದುಕೊಂಡು ಸುಮ್ಮನಾದೆ. ಮಾಲು ಕಾಯುತ್ತಿತ್ತು. ಒಂದು ವಾರ ಹಾಗೇ ಓಡಿಸಿದೆ. ಆಮೇಲೆ ಲೋಡ್ ಹಾಕಿಕೊಂಡು ದಿಣ್ಣೆ ಹತ್ತುವಾಗ ಕಪ್ಪು ಹೊಗೆ ಶುರುವಾಯಿತು. ಹಿಂದೆ ಬೈಕಿನಲ್ಲಿ ಬರುತ್ತಿದ್ದವರು ಮುಖಕ್ಕೆ ಟವೆಲ್ ಹಿಡಿದುಕೊಂಡದ್ದು ಕನ್ನಡಿಯಲ್ಲಿ ಕಾಣಿಸಿತು.

ಗ್ಯಾರೇಜಿಗೆ ಬಿಟ್ಟೆ. ಮೆಕ್ಯಾನಿಕ್ ಉದ್ದ ಸ್ಕ್ರೂಡ್ರೈವರನ್ನು ಇಂಜಿನ್‌ಗೆ ಒತ್ತಿ, ಹಿಡಿಯನ್ನು ಕಿವಿಗೆ ಇಟ್ಟು ಕೇಳಿದ. "ರಿಂಗ್ ಹೋಗಿದೆ ಅಣ್ಣ. ಬೋರ್ ಮಾಡಿಸ್ಬೇಕು. ಇಲ್ಲಾಂದ್ರೆ ರೋಡಲ್ಲೇ ನಿಂತುಬಿಡುತ್ತೆ" ಎಂದ. ರಿಂಗ್ ಅಂದರೆ ಪಿಸ್ಟನ್ ಸುತ್ತ ಇರುವ ಬಳೆ, ಆಯಿಲ್ ಮೇಲೆ ಬಾರದಂತೆ ತಡೆಯುತ್ತದೆ. ಬೋರ್ ಅಂದರೆ ಸವೆದ ಸಿಲಿಂಡರನ್ನು ಒಳಗಿನಿಂದ ಕೊರೆಸುವುದು. ಗಾಡಿಯ ಕಂಪ್ಯೂಟರ್ ಓದುವ ಸ್ಕ್ಯಾನರ್ ಹಾಕಲಿಲ್ಲ. ಕಂಪ್ರೆಷನ್ (ಸಿಲಿಂಡರಿನೊಳಗಿನ ಒತ್ತಡ) ನೋಡಲಿಲ್ಲ. ಆಯಿಲ್ ಕಡ್ಡಿಯನ್ನು ಎಳೆದೂ ನೋಡಲಿಲ್ಲ. ಸಂಜೆಗೆ ಇಂಜಿನ್ನಿನ ಮೇಲಿನ ಮುಚ್ಚಳದಂಥ ಹೆಡ್ಡು ಕೆಳಗಿತ್ತು. ಬೋರು, ಹೊಸ ಪಿಸ್ಟನ್, ರಿಂಗು, ಬೇರಿಂಗು, ಎಲ್ಲ ಸೇರಿ 68,000 ರೂಪಾಯಿ, 12 ದಿನ. ಹಳೇ ಇಂಜೆಕ್ಟರ್‌ಗಳನ್ನು ಮಾತ್ರ ಬಟ್ಟೆಯಲ್ಲಿ ಒರೆಸಿ ಅಲ್ಲೇ ಕೂರಿಸಿದರು.

ಮೂರನೇ ದಿನಕ್ಕೆ ಅದೇ ಟಕ್ ಟಕ್. ಫೋನ್ ಮಾಡಿದರೆ, "ಹೊಸ ರಿಂಗ್ ಅಲ್ವಾ ಅಣ್ಣ, ಸೆಟ್ ಆಗ್ಬೇಕು, ಓಡಿಸಿ" ಎಂದ. ಓಡಿಸಿದೆ. ಆರನೇ ದಿನ ದಾರಿಯಲ್ಲಿ ಗಾಡಿ ನಡುಗತೊಡಗಿತು. ಎರಡನೇ ಗೇರಿನಲ್ಲೂ ಎಳೆಯಲಿಲ್ಲ. ಬಾಕ್ಸುಗಳನ್ನೆಲ್ಲ ಬೇರೆ ಗಾಡಿಗೆ ದಾಟಿಸಿ ಕಳಿಸುವಷ್ಟರಲ್ಲಿ ಮಂಡಿಯಲ್ಲಿ ಹರಾಜು ಮುಗಿದಿತ್ತು. ರೈತನಿಗೆ ಮುಖ ತೋರಿಸುವುದು ಕಷ್ಟವಾಯಿತು.

ಆಮೇಲೆ ಯಾರೋ ಹೇಳಿದರು ಅಂತ ಡೀಸೆಲ್ ಪಂಪ್ ರಿಪೇರಿ ಮಾಡುವ ಹಿರಿಯರೊಬ್ಬರ ಹತ್ತಿರ ಹೋದೆ. ಅವರು ಸ್ಪ್ಯಾನರ್ ಮುಟ್ಟಲಿಲ್ಲ. ಮೊದಲು ಆಯಿಲ್ ಕಡ್ಡಿ ಎಳೆದರು. ಆಯಿಲ್ ಮೇಲಿನ ಗುರುತನ್ನೂ ದಾಟಿ ಒಂದು ಬೆರಳು ಮೇಲಿತ್ತು. ಕಡ್ಡಿಯ ತುದಿಯಿಂದ ನೀರಿನ ಹಾಗೆ ಇಳಿಯುತ್ತಿತ್ತು. ಎರಡು ಬೆರಳಲ್ಲಿ ಉಜ್ಜಿ ನನ್ನ ಮೂಗಿಗೆ ಹಿಡಿದರು. ಡೀಸೆಲ್!

"ಆಯಿಲ್ ಹಾಕಿ ಎಷ್ಟು ದಿನ ಆಯ್ತಪ್ಪ?"

"ವಾರ ಸಾರ್."

"ರಿಂಗ್ ಹೋಗಿದ್ರೆ ಆಯಿಲ್ ಕಮ್ಮಿ ಆಗ್ಬೇಕಿತ್ತು. ಹೊಗೆ ನೀಲಿ ಬರ್ಬೇಕಿತ್ತು. ನಿಂದು ಜಾಸ್ತಿ ಆಗಿದೆಯಲ್ಲಪ್ಪ. ಎಲ್ಲಿಂದ ಬಂತು ಹೇಳು?"

ಈ ಒಂದು ಪ್ರಶ್ನೆಯನ್ನು ತಿಂಗಳ ಹಿಂದೆ ಯಾರಾದರೂ ಕೇಳಿದ್ದರೆ ನನ್ನ ದುಡ್ಡು ಉಳಿಯುತ್ತಿತ್ತು. ಅವರು ಸ್ಕ್ಯಾನರ್ ಹಾಕಿ, ಇಂಜಿನ್ ಓಡುತ್ತಿರುವಾಗಲೇ ಒಂದೊಂದು ಇಂಜೆಕ್ಟರನ್ನೂ ಆಫ್ ಮಾಡಿ ನೋಡಿದರು. ಒಂದು, ಎರಡು, ನಾಲ್ಕು ಆಫ್ ಮಾಡಿದಾಗ ಇಂಜಿನ್ ಅಲುಗಾಡಿತು, ಸದ್ದು ಮಾತ್ರ ಹಾಗೇ ಇತ್ತು. ಮೂರನೆಯದನ್ನು ಆಫ್ ಮಾಡಿದಾಗ ಸದ್ದು ಅಡಗಿತು. ಆಮೇಲೆ ನಾಲ್ಕನ್ನೂ ಬಿಚ್ಚಿ ಟೆಸ್ಟ್ ಮಷೀನಿಗೆ ಹಾಕಿದರು. ಉಳಿದ ಮೂರೂ ಡೀಸೆಲನ್ನು ಮಂಜಿನ ಹಾಗೆ ಉಗುಳಿದವು. ಆ ಮೂರನೆಯದರ ತುದಿಯಲ್ಲಿ ಹನಿ ಕಟ್ಟಿಕೊಂಡು ತೊಟ್ಟಿಕ್ಕುತ್ತಿತ್ತು.

ಆ ಹನಿಯೇ ಇಷ್ಟಕ್ಕೆಲ್ಲ ಕಾರಣ. ಡೀಸೆಲ್ ಮಂಜಾಗಿ ಬಿದ್ದರೆ ಸರಿಯಾಗಿ ಉರಿಯುತ್ತದೆ. ಹನಿಯಾಗಿ ಬಿದ್ದದ್ದು ಹೊತ್ತಲ್ಲದ ಹೊತ್ತಲ್ಲಿ ಭಗ್ಗನೆ ಹೊತ್ತಿಕೊಳ್ಳುತ್ತದೆ, ಅದೇ ಟಕ್ ಟಕ್. ಇಂಜಿನ್ ತಣ್ಣಗಿದ್ದಾಗ ಉರಿಯದೆ ಉಳಿದದ್ದು ಬಿಳಿ ಹೊಗೆ. ಲೋಡಿನಲ್ಲಿ ಅರೆಬರೆ ಉರಿದದ್ದು ಕಪ್ಪು ಹೊಗೆ. ಉಳಿದ ಡೀಸೆಲ್ ಸಿಲಿಂಡರ್ ಗೋಡೆಯ ಆಯಿಲನ್ನು ತೊಳೆದುಕೊಂಡು ಕೆಳಗಿನ ಆಯಿಲ್ ತೊಟ್ಟಿಗೆ ಇಳಿಯುತ್ತದೆ. ಹೆಡ್ಡು ಬಿಚ್ಚಿದಾಗ ಹೊಸ ಮೂರನೇ ಪಿಸ್ಟನ್ನಿನ ತಲೆ ಒಂದು ಕಡೆ ಕರಗಿ ಹೆಬ್ಬೆರಳಿನ ಉಗುರಿನಷ್ಟು ಹಳ್ಳ ಬಿದ್ದಿತ್ತು. ಪಕ್ಕದಲ್ಲಿ ಉದ್ದಕ್ಕೂ ಗೀರುಗಳು. ಎರಡು ವಾರವೂ ಓಡದ ಪಿಸ್ಟನ್ ಅದು. ಕೈಯಲ್ಲಿ ಹಿಡಿದಾಗ ಹೊಟ್ಟೆ ಉರಿಯಿತು.

ಹೊಗೆಯ ಬಣ್ಣವನ್ನು ದಯವಿಟ್ಟು ಸರಿಯಾಗಿ ನೋಡಿ. ನೀಲಿ ಅಂದರೆ ಇಂಜಿನ್ ಆಯಿಲ್ ಉರಿಯುತ್ತಿದೆ. ಅದೂ ರಿಂಗೇ ಆಗಬೇಕೆಂದಿಲ್ಲ, ಟರ್ಬೊ ಸೀಲೋ ವಾಲ್ವ್ ಸೀಲೋ ಇರಬಹುದು. ಬಿಳಿ ಹೊಗೆ ಕಣ್ಣು ಉರಿಸಿದರೆ, ಡೀಸೆಲ್ ವಾಸನೆ ಬಂದರೆ ಅದು ಉರಿಯದ ಡೀಸೆಲ್. ಬಿಳಿ ಹೊಗೆಯಲ್ಲಿ ಸಿಹಿ ವಾಸನೆ ಬಂದು ಕೂಲೆಂಟ್ ಕಮ್ಮಿಯಾಗುತ್ತಿದ್ದರೆ ಹೆಡ್ ಗ್ಯಾಸ್ಕೆಟ್ ಕಡೆ ನೋಡಿಸಿ. ಬರೀ ಕಪ್ಪು ಹೊಗೆ, ಸದ್ದಿಲ್ಲ ಅಂದರೆ ಮೊದಲು ಏರ್ ಫಿಲ್ಟರ್, ಟರ್ಬೊ ಹೋಸ್ ನೋಡಿ. ಎಷ್ಟೋ ಸಲ ಹೋಸ್ ಹರಿದಿರುತ್ತದೆ, ಅಷ್ಟೇ.

ಆಯಿಲ್ ಗುರುತಿಗಿಂತ ಮೇಲೆ ಬಂದಿದ್ದರೆ ಗಾಡಿಯನ್ನು ಅಲ್ಲೇ ನಿಲ್ಲಿಸಿ, ಟೋ ಮಾಡಿಸಿ. ತೆಳ್ಳಗಾದ ಆಯಿಲ್ ಬೇರಿಂಗನ್ನು ತಿನ್ನುತ್ತದೆ. ಜಾಸ್ತಿಯಾದ ಆಯಿಲನ್ನು ಇಂಜಿನ್ ತಾನೇ ಎಳೆದುಕೊಂಡರೆ ಕೀ ತೆಗೆದರೂ ಆಫ್ ಆಗದೆ ಕಿರುಚಿಕೊಂಡು ಓಡುತ್ತದೆ. ಅದು ಪ್ರಾಣಕ್ಕೇ ಅಪಾಯ.

ಇನ್ನೊಂದು. ಹಳೇ ಗಾಡಿಗಳಲ್ಲಿ ಇಂಜಿನ್ ಓಡುವಾಗಲೇ ಇಂಜೆಕ್ಟರ್ ಪೈಪ್ ಸಡಿಲ ಮಾಡಿ ಯಾವ ಸಿಲಿಂಡರ್ ಅಂತ ಹುಡುಕುತ್ತಿದ್ದರು. ಕಾಮನ್ ರೈಲ್ ಗಾಡಿಯಲ್ಲಿ ಅದನ್ನು ಮಾಡಲೇಬೇಡಿ, ಯಾರಿಗೂ ಮಾಡಲು ಬಿಡಬೇಡಿ. ಆ ಪೈಪಿನಲ್ಲಿ ಸಾವಿರ ಬಾರ್‌ಗೂ ಮೀರಿದ ಒತ್ತಡ ಇರಬಹುದು. ಟೈರಿನಲ್ಲಿ ಇರುವುದು ನಾಲ್ಕೈದು ಬಾರ್. ಕೂದಲೆಳೆಯಷ್ಟು ಸೋರಿದರೂ ಡೀಸೆಲ್ ಚರ್ಮ ಹೊಕ್ಕುತ್ತದೆ. ಮೇಲೆ ಸೂಜಿ ಚುಚ್ಚಿದಷ್ಟೇ ಕಾಣುತ್ತದೆ, ಒಳಗೆ ಆಪರೇಷನ್ ಮಾಡಿಸುವಷ್ಟು ಕೆಡುತ್ತದೆ.

ನನ್ನ ಇಂಜೆಕ್ಟರ್ ಕೆಟ್ಟದ್ದು ಡೀಸೆಲ್‌ನಲ್ಲಿ ಸೇರಿದ ನೀರಿನಿಂದ. ಫಿಲ್ಟರಿನ ಕೆಳಗೆ ನೀರು ಬಿಡುವ ಸ್ಕ್ರೂ ಇರುತ್ತದೆ. ಅದನ್ನು ನಾನು ವರ್ಷಕ್ಕೂ ಮೇಲೆ ತಿರುಗಿಸಿರಲಿಲ್ಲ. ಹಾಕಿಸಿದ್ದ ಫಿಲ್ಟರೂ ಕಡಿಮೆ ಬೆಲೆಯ ಡೂಪ್ಲಿಕೇಟ್. ಹೊಸ ಇಂಜೆಕ್ಟರ್ ಹಾಕಿಸುವಾಗ ಅದರ ತಲೆಯ ಮೇಲಿನ ಕೋಡ್ ನಂಬರನ್ನು ಸ್ಕ್ಯಾನರ್‌ನಲ್ಲಿ ಗಾಡಿಯ ಕಂಪ್ಯೂಟರಿಗೆ ಹಾಕಿದ್ದಾರಾ ಅಂತ ಕೇಳಿ. ನಂಬರ್ ಹಾಕದಿದ್ದರೆ ಹೊಸದೂ ಸದ್ದು ಮಾಡಬಹುದು, ಹೊಗೆ ಬಿಡಬಹುದು.

ಮೊದಲಿನ ಗ್ಯಾರೇಜಿನವನು ಒಂದು ರೂಪಾಯಿಯನ್ನೂ ವಾಪಸ್ ಕೊಡಲಿಲ್ಲ. ಯಾವ ಪಾರ್ಟ್ ಹಾಕಿದ, ಯಾವ ಟೆಸ್ಟ್ ಮಾಡಿದ ಅಂತ ನನ್ನ ಹತ್ತಿರ ಒಂದು ಚೀಟಿಯೂ ಇರಲಿಲ್ಲ. ಹಳೇ ಪಿಸ್ಟನ್ ಕೇಳಿದರೆ ಗುಜರಿಗೆ ಹೋಯ್ತು ಎಂದ. ಅವು ನಿಜವಾಗಿ ಸವೆದಿದ್ದವಾ ಅಂತ ಇವತ್ತಿಗೂ ನನಗೆ ಗೊತ್ತಿಲ್ಲ. ಬಿಚ್ಚಿದ ಸಾಮಾನನ್ನು ಅವತ್ತೇ ಫೋಟೊ ತೆಗೆದುಕೊಳ್ಳಿ, ಮನೆಗೂ ತನ್ನಿ.