ಮೂರೇ ಸಲದ ಅವಕಾಶ: ಎನ್‌ಎಸ್‌ಎಫ್‌ನ ಕೆರಿಯರ್ ಗ್ರಾಂಟ್ ಹೇಗಿದೆ?

ಅಮೆರಿಕದ ವಿಶ್ವವಿದ್ಯಾಲಯಕ್ಕೆ ಅಸಿಸ್ಟೆಂಟ್ ಪ್ರೊಫೆಸರ್ ಆಗಿ ಸೇರಿದವರನ್ನು ಮೊದಲ ವರ್ಷ ಮುಗಿಯುವ ಹೊತ್ತಿಗೆ ಎಲ್ಲರೂ ಕೇಳುವ ಪ್ರಶ್ನೆ ಒಂದೇ: ‘ಕೆರಿಯರ್ ಯಾವಾಗ ಹಾಕ್ತೀರಿ?’ ನ್ಯಾಷನಲ್ ಸೈನ್ಸ್ ಫೌಂಡೇಶನ್, ಅಂದರೆ ಎನ್‌ಎಸ್‌ಎಫ್, ಇನ್ನೂ ಟೆನ್ಯೂರ್, ಅಂದರೆ ಖಾಯಂ ಹುದ್ದೆ, ಸಿಗದ ಅಧ್ಯಾಪಕರಿಗೆಂದೇ ಇಟ್ಟಿರುವ ಐದು ವರ್ಷದ ಗ್ರಾಂಟ್ ಇದು. ಸುರತ್ಕಲ್ಲಿನಲ್ಲೋ ಬೆಂಗಳೂರಿನಲ್ಲೋ ಬಿ.ಇ. ಮುಗಿಸಿ, ಅಮೆರಿಕದಲ್ಲಿ ಪಿಎಚ್‌ಡಿ ಮಾಡಿ ಅಲ್ಲೇ ಪಾಠ ಹೇಳುತ್ತಿರುವ ಕನ್ನಡಿಗರಿಗೆ ಇದರಲ್ಲಿರುವ ದೊಡ್ಡ ಅನುಕೂಲವೆಂದರೆ ಇದು ಪೌರತ್ವವನ್ನೂ ಕೇಳುವುದಿಲ್ಲ, ಗ್ರೀನ್ ಕಾರ್ಡನ್ನೂ ಕೇಳುವುದಿಲ್ಲ. ಎಚ್-1ಬಿ ವೀಸಾದಲ್ಲಿದ್ದರೂ ಅರ್ಜಿ ಹಾಕಬಹುದು. ಅಮೆರಿಕದ ವಾಯುಪಡೆ, ನೌಕಾಪಡೆಗಳ ಸಂಶೋಧನಾ ಕಚೇರಿಗಳು ಕೊಡುವ ಯಂಗ್ ಇನ್ವೆಸ್ಟಿಗೇಟರ್ ಗ್ರಾಂಟ್‌ಗಳಿಗೆ ಪೌರರಾಗಿರಬೇಕು ಅಥವಾ ಖಾಯಂ ನಿವಾಸಿಯಾಗಿರಬೇಕು. ಇಲ್ಲಿ ಆ ಬಾಗಿಲು ತೆರೆದಿದೆ. ಕೆರಿಯರ್ ಪಡೆದವರಿಂದಲೇ ಆರಿಸಿ ಅಧ್ಯಕ್ಷರ ಹೆಸರಿನಲ್ಲಿ ಕೊಡುವ ಪೆಕೇಸ್ ಗೌರವ ಮಾತ್ರ ವೀಸಾದಲ್ಲಿರುವವರಿಗೆ ಸಿಗದು.

ಇನ್ನೊಂದು ಒಳ್ಳೆಯ ಗುಣ: ವಯಸ್ಸಿನ ಮಿತಿ ಇಲ್ಲ, ಪಿಎಚ್‌ಡಿ ಆಗಿ ಎಷ್ಟು ವರ್ಷ ಕಳೆಯಿತು ಎಂಬ ಲೆಕ್ಕವೂ ಇಲ್ಲ. ನಮ್ಮ ಕೇಂದ್ರ ಸರ್ಕಾರದ ವಿಜ್ಞಾನ ಮತ್ತು ತಂತ್ರಜ್ಞಾನ ಇಲಾಖೆಯ (ಡಿಎಸ್‌ಟಿ) ಇನ್‌ಸ್ಪೈರ್ ಫ್ಯಾಕಲ್ಟಿ ಯೋಜನೆ ಸಾಮಾನ್ಯ ವರ್ಗದವರಿಗೆ 32 ವರ್ಷಕ್ಕೆ ಗೆರೆ ಎಳೆಯುತ್ತದೆ. ಕಂಪನಿಯಲ್ಲಿ ಐದಾರು ವರ್ಷ ದುಡಿದು ಬೋಧನೆಗೆ ಬಂದವರು ಆ ಗೆರೆಯಲ್ಲಿ ಎಡವುತ್ತಾರೆ. ಕೆರಿಯರ್ ನೋಡುವುದು ಹುದ್ದೆಯನ್ನು. ಅರ್ಜಿ ಹಾಕಿದ ವರ್ಷದ ಅಕ್ಟೋಬರ್ 1ರಂದು ಟೆನ್ಯೂರ್ ಹಾದಿಯ ಅಸಿಸ್ಟೆಂಟ್ ಪ್ರೊಫೆಸರ್ ಅಥವಾ ಅದಕ್ಕೆ ಸಮನಾದ ಹುದ್ದೆಯಲ್ಲಿ ಕನಿಷ್ಠ ಅರ್ಧ ಪಾಲು ಇರಬೇಕು, ಟೆನ್ಯೂರ್ ಸಿಕ್ಕಿರಬಾರದು, ಹಿಂದೆ ಕೆರಿಯರ್ ಪಡೆದಿರಬಾರದು. ಎಲ್ಲಕ್ಕಿಂತ ಬಿಗಿಯಾದ ನಿಯಮ ಕೊನೆಯದು: ಜೀವಮಾನದಲ್ಲಿ ಮೂರೇ ಸಲ ಸ್ಪರ್ಧಿಸಬಹುದು, ಅದೂ ವರ್ಷಕ್ಕೊಂದರಂತೆ. ಈ ಗ್ರಾಂಟ್ ಬಗ್ಗೆ ತೆಗೆದುಕೊಳ್ಳುವ ಪ್ರತಿಯೊಂದು ತೀರ್ಮಾನವೂ ಈ ಮೂರರ ಸುತ್ತಲೇ ಸುತ್ತಬೇಕು. ಡಾಲರುಗಳಿಗಿಂತ ಮೊದಲು ಕಾಪಾಡಿಕೊಳ್ಳಬೇಕಾದದ್ದು ಈ ಮೂರು ಅವಕಾಶಗಳನ್ನು.

ಹಣದ ವಿಷಯಕ್ಕೆ ಬರೋಣ. ಐದು ವರ್ಷಕ್ಕೆ ಕನಿಷ್ಠ 4,00,000 ಡಾಲರ್. ಜೀವವಿಜ್ಞಾನ, ಎಂಜಿನಿಯರಿಂಗ್ ವಿಭಾಗಗಳಲ್ಲಿ ಮತ್ತು ಧ್ರುವ ಪ್ರದೇಶಗಳ ಕಚೇರಿಯಲ್ಲಿ ಕನಿಷ್ಠ 5,00,000. ಕೇಳಲು ದೊಡ್ಡ ಮೊತ್ತ. ಬಿಡಿಸಿ ನೋಡಿದರೆ ಚಿತ್ರ ಬೇರೆ. ಐದು ಲಕ್ಷವನ್ನು ಐದು ವರ್ಷಕ್ಕೆ ಹಂಚಿದರೆ ವರ್ಷಕ್ಕೆ ಒಂದು ಲಕ್ಷ ಡಾಲರ್. ಒಬ್ಬ ಪಿಎಚ್‌ಡಿ ವಿದ್ಯಾರ್ಥಿಯ ಸ್ಟೈಪೆಂಡ್ 36,000, ಅದರ ಮೇಲಿನ ವಿಮೆ ಮುಂತಾದವು 3,600, ನಿಮ್ಮ ಬೇಸಿಗೆ ಸಂಬಳ ಅರ್ಧ ತಿಂಗಳಿನದು 6,000, ಅದರ ಮೇಲಿನ ಸವಲತ್ತಿಗೆ 1,500, ಪ್ರಯಾಣಕ್ಕೆ 3,000, ಸಾಮಗ್ರಿಗೆ 4,500 ಎಂದಿಟ್ಟುಕೊಳ್ಳಿ. ಒಟ್ಟು 54,600. ಕಟ್ಟಡ, ಆಡಳಿತದ ಖರ್ಚಿಗೆಂದು ವಿಶ್ವವಿದ್ಯಾಲಯ ತೆಗೆದುಕೊಳ್ಳುವ ಓವರ್‌ಹೆಡ್ ಶೇ 55 ಆದರೆ ಅದರ ಮೇಲೆ 30,030. ವಿದ್ಯಾರ್ಥಿಯ ಟ್ಯೂಷನ್ ಫೀ 15,000, ಇದಕ್ಕೆ ಓವರ್‌ಹೆಡ್ ಇಲ್ಲ. ಕೂಡಿದರೆ 99,630. ಅಲ್ಲಿಗೆ ಮುಗಿಯಿತು. ಒಬ್ಬನೇ ವಿದ್ಯಾರ್ಥಿ, ಅರ್ಧ ತಿಂಗಳ ಸಂಬಳ. ಪಿಎಚ್‌ಡಿ ಮುಗಿಸಿ ಲ್ಯಾಬ್‌ನಲ್ಲಿ ದುಡಿಯುವ ಪೋಸ್ಟ್‌ಡಾಕ್ ಎಂಬ ಮಾತೇ ಇಲ್ಲ. ವರ್ಷ ವರ್ಷ ಏರುವ ಸ್ಟೈಪೆಂಡ್ ಸೇರಿಸಿದರೆ ನಾಲ್ಕನೆಯ ವರ್ಷದ ಪ್ರಯಾಣದ ಹಣಕ್ಕೂ ಕತ್ತರಿ ಬೀಳುತ್ತದೆ. ಈ ಕನಿಷ್ಠ ಮಿತಿ ಹತ್ತು ವರ್ಷಕ್ಕೂ ಮೇಲೆ ಅಲ್ಲೇ ನಿಂತಿರುವುದು ಯೋಜನೆಯ ನಿಜವಾದ ಕೊರತೆ.

ಹಾಗಾಗಿ ಬಜೆಟ್ ಬರೆಯುವಾಗ ಮೂರು ತಪ್ಪು ಮಾಡಬೇಡಿ. ಓವರ್‌ಹೆಡ್ ಯಾವುದರ ಮೇಲೆ ಬೀಳುತ್ತದೆ, ಯಾವುದರ ಮೇಲಿಲ್ಲ ಎಂದು ವಿಶ್ವವಿದ್ಯಾಲಯದ ಗ್ರಾಂಟ್ ಕಚೇರಿಯಿಂದ ಮೊದಲೇ ತಿಳಿದುಕೊಳ್ಳಿ. ದೊಡ್ಡ ಉಪಕರಣ, ಟ್ಯೂಷನ್, ಕಾರ್ಯಾಗಾರಕ್ಕೆ ಬರುವವರ ಭತ್ಯೆ ಸಾಮಾನ್ಯವಾಗಿ ಅದರ ಹೊರಗಿರುತ್ತವೆ. ‘ನಮ್ಮ ವಿಭಾಗ ಇಷ್ಟು ಡಾಲರ್ ಸೇರಿಸುತ್ತದೆ’ ಎಂದು ಎಲ್ಲೂ ಬರೆಯಬೇಡಿ, ಲ್ಯಾಬ್ ಸೌಲಭ್ಯದ ಪುಟದಲ್ಲೂ ಬೇಡ. ಸ್ವಯಂಪ್ರೇರಿತವಾಗಿ ವೆಚ್ಚ ಹಂಚಿಕೊಳ್ಳುವುದನ್ನು ಎನ್‌ಎಸ್‌ಎಫ್ ನಿಷೇಧಿಸಿದೆ. ಮೂರನೆಯದು, ಶಿಕ್ಷಣ ಯೋಜನೆಗೆ ಹಣವನ್ನೇ ಇಡದಿರುವುದು. ಎರಡು ಪುಟ ಕಾರ್ಯಾಗಾರ ವರ್ಣಿಸಿ ಬಜೆಟ್‌ನಲ್ಲಿ ಅದಕ್ಕೆ ಸೊನ್ನೆ ಇದ್ದರೆ ರಿವ್ಯೂ ಮಾಡುವವರು ತಕ್ಷಣ ಗುರುತಿಸುತ್ತಾರೆ.

ಪ್ರೊಪೋಸಲ್‌ನ ಮುಖ್ಯ ಭಾಗ 15 ಪುಟ. ಅದರೊಳಗೇ ಸಂಶೋಧನೆ, ಶಿಕ್ಷಣ, ಸಮಾಜಕ್ಕಾಗುವ ಉಪಯೋಗ, ಹಿಂದಿನ ಎನ್‌ಎಸ್‌ಎಫ್ ಗ್ರಾಂಟ್ ಇದ್ದರೆ ಅದರ ಫಲಿತಾಂಶ ಎಲ್ಲವೂ ಹಿಡಿಸಬೇಕು. ಕೆಲಸಕ್ಕೆ ಬರುವ ಒಂದು ಹಂಚಿಕೆ ಹೀಗಿದೆ: ಒಟ್ಟು ದೃಷ್ಟಿ ಮತ್ತು ಮುಖ್ಯ ಪ್ರಶ್ನೆಗೆ ಒಂದೂವರೆ ಪುಟ, ಹಿನ್ನೆಲೆ ಮತ್ತು ಆರಂಭಿಕ ಫಲಿತಾಂಶಕ್ಕೆ ಎರಡೂವರೆ, ಸಂಶೋಧನಾ ಯೋಜನೆಗೆ ಏಳು, ಶಿಕ್ಷಣಕ್ಕೆ ಎರಡೂವರೆ, ಉಳಿದ ಒಂದೂವರೆಯಲ್ಲಿ ವರ್ಷವಾರು ವೇಳಾಪಟ್ಟಿ, ಸಾಮಾಜಿಕ ಉಪಯೋಗ, ಹಿಂದಿನ ಗ್ರಾಂಟ್. ಏಳು ಪುಟದ ಸಂಶೋಧನೆಯಲ್ಲಿ ಸಾಮಾನ್ಯವಾಗಿ ಮೂರು ಗುರಿಗಳಿರುತ್ತವೆ. ಬಹಳ ಪ್ರೊಪೋಸಲ್‌ಗಳು ಬೀಳುವುದು ಇಲ್ಲೇ: ಎರಡನೆಯ ಗುರಿ ಮೊದಲನೆಯದು ಗೆದ್ದರೆ ಮಾತ್ರ ನಡೆಯುವಂಥದ್ದು, ಮೂರನೆಯದು ಎರಡನೆಯದು ಗೆದ್ದರೆ. ಮೊದಲ ವರ್ಷದ ಪ್ರಯೋಗ ಕೈಕೊಟ್ಟರೆ ಐದು ವರ್ಷವೂ ಹೋಯಿತು ಎಂದು ಪ್ರೊಪೋಸಲ್ ಓದುವ ತಜ್ಞರ ಪ್ಯಾನೆಲ್ ಬರೆದು ಕಳಿಸುತ್ತದೆ. ಪ್ರತಿ ಗುರಿಯ ಕೆಳಗೆ ‘ಇದು ಹೀಗಾಗದಿದ್ದರೆ ಏನು ಮಾಡುತ್ತೇವೆ’ ಎಂದು ನಾಲ್ಕೈದು ಸಾಲು ಇಡಿ. ಇನ್ನೊಂದು ಸಾಮಾನ್ಯ ಟೀಕೆ, ಇದು ಪಿಎಚ್‌ಡಿ ಗೈಡ್ ಕೆಲಸದ ಮುಂದುವರಿಕೆ ಎನ್ನುವುದು. ಗೈಡ್ ಜೊತೆ ಬರೆದ ಪೇಪರುಗಳಿಂದ ಈ ಪ್ರಶ್ನೆ ಎಲ್ಲಿ ಕವಲೊಡೆಯುತ್ತದೆ ಎಂದು ಮೊದಲ ಎರಡು ಪುಟದಲ್ಲೇ ಸ್ಪಷ್ಟವಾಗಿ ಹೇಳಬೇಕು.

ಶಿಕ್ಷಣದ ಭಾಗವೇ ಈ ಗ್ರಾಂಟ್‌ನ ಆತ್ಮ. ಕೊನೆಯ ವಾರ ಗಡಿಬಿಡಿಯಲ್ಲಿ ಬರೆಯುವುದೂ ಇದನ್ನೇ. ಒಂದು ಹೊಸ ಎಲೆಕ್ಟಿವ್ ಕೋರ್ಸ್, ಬೇಸಿಗೆಯಲ್ಲಿ ಹೈಸ್ಕೂಲ್ ಮಕ್ಕಳಿಗೆ ಲ್ಯಾಬ್ ದರ್ಶನ, ಒಂದು ವೆಬ್‌ಸೈಟ್: ಇಷ್ಟನ್ನು ಯಾವ ಸಂಶೋಧನೆಗೆ ಬೇಕಾದರೂ ಅಂಟಿಸಬಹುದು, ಅದಕ್ಕೇ ಇದು ಸೋಲುತ್ತದೆ. ನಿಯಮ ಕೇಳುವುದು ಸಂಶೋಧನೆ ಮತ್ತು ಶಿಕ್ಷಣದ ಹೆಣಿಗೆಯನ್ನು. ಉದಾಹರಣೆಗೆ, ಬ್ಯಾಟರಿಯ ಎಲೆಕ್ಟ್ರೋಡ್ ಯಾಕೆ ಸವೆಯುತ್ತದೆ ಎಂಬುದು ಸಂಶೋಧನೆಯಾದರೆ, ಅದೇ ಅಳತೆಯ ಕ್ರಮವನ್ನು ಸರಳಗೊಳಿಸಿ ಎರಡನೆಯ ವರ್ಷದ ಬಿ.ಎಸ್. ವಿದ್ಯಾರ್ಥಿಗಳ ಲ್ಯಾಬ್‌ಗೆ ಬಟನ್ ಸೆಲ್ ಪ್ರಯೋಗವಾಗಿ ತರಬಹುದು. ಮೊದಲ ವರ್ಷ ಪ್ರಯೋಗದ ವಿನ್ಯಾಸ, ಎರಡನೆಯ ವರ್ಷ ಒಂದೇ ಬ್ಯಾಚ್‌ನಲ್ಲಿ ಪರೀಕ್ಷೆ, ಮೂರನೆಯ ವರ್ಷ ಪಕ್ಕದ ಕಮ್ಯುನಿಟಿ ಕಾಲೇಜಿಗೆ (ಎರಡು ವರ್ಷದ ಕೋರ್ಸುಗಳ ಸ್ಥಳೀಯ ಕಾಲೇಜು), ನಾಲ್ಕನೆಯ ವರ್ಷ ಅಲ್ಲಿನ ವಿದ್ಯಾರ್ಥಿಗಳು ತೆಗೆದ ದತ್ತಾಂಶ ಮತ್ತೆ ಲ್ಯಾಬ್‌ನ ಸಂಶೋಧನೆಗೆ. ಹೀಗೆ ಎರಡೂ ಕಡೆಗೆ ಹರಿದರೆ ಅದು ಹೆಣಿಗೆ. ಕಲಿಕೆಯನ್ನು ಹೇಗೆ ಅಳೆಯುತ್ತೀರಿ ಎಂದು ಬರೆಯಿರಿ: ಪ್ರಯೋಗಕ್ಕೆ ಮೊದಲು ಒಂದು ಪರೀಕ್ಷೆ, ನಂತರ ಒಂದು, ಹೊರಗಿನ ಮೌಲ್ಯಮಾಪಕರೊಬ್ಬರಿಗೆ ಬಜೆಟ್‌ನಲ್ಲಿ ಸ್ವಲ್ಪ ಹಣ. ವಿದ್ಯಾರ್ಥಿಗಳ ಮೇಲೆ ಅಧ್ಯಯನವೆಂದಾದರೆ ಜನರ ಮೇಲಿನ ಅಧ್ಯಯನಗಳನ್ನು ಪರಿಶೀಲಿಸುವ ವಿಶ್ವವಿದ್ಯಾಲಯದ ಸಮಿತಿ, ಐಆರ್‌ಬಿಯ ಒಪ್ಪಿಗೆಯ ಮಾತೂ ಬರುತ್ತದೆ. ಐದು ಚಟುವಟಿಕೆಗಿಂತ ಇಂಥ ಒಂದೇ ಚಟುವಟಿಕೆ ಹೆಚ್ಚು ತೂಗುತ್ತದೆ.

ಸಣ್ಣಪುಟ್ಟ ಕಾಗದಪತ್ರಗಳಲ್ಲಿ ಎಡವಿದರೆ ಪ್ರೊಪೋಸಲ್ ಓದಿಸಿಕೊಳ್ಳದೆಯೇ ವಾಪಸ್ ಬರುತ್ತದೆ. ವಿಭಾಗದ ಮುಖ್ಯಸ್ಥರ ಪತ್ರ ಒಂದೇ ಇರಬೇಕು, ಎರಡು ಪುಟ ಮೀರಬಾರದು, ನಿಮ್ಮ ಅರ್ಹತೆಯನ್ನು ಅದರಲ್ಲಿ ದೃಢಪಡಿಸಿರಬೇಕು. ಆ ಪತ್ರವನ್ನು ಜೂನ್ ಮೊದಲ ವಾರದಲ್ಲೇ ಕೇಳಿ. ಜುಲೈನಲ್ಲಿ ಮುಖ್ಯಸ್ಥರು ರಜೆಯಲ್ಲಿರುತ್ತಾರೆ. ಶಿಫಾರಸು ಪತ್ರ ನಿಷಿದ್ಧ. ಸಹಯೋಗಿಗಳ ಪತ್ರ ನಿಗದಿತ ಒಂದು ವಾಕ್ಯದ ನಮೂನೆಯಲ್ಲಿ ಮಾತ್ರ. ‘ಈ ಕೆಲಸ ಅದ್ಭುತ’ ಎಂದು ಯಾರೋ ಒಂದು ಸಾಲು ಜಾಸ್ತಿ ಸೇರಿಸಿದರೆ ಅದೇ ಮುಳುವಾಗಬಹುದು. ಕೋ-ಪಿಐ, ಅಂದರೆ ಜೊತೆ ಮುಖ್ಯ ಸಂಶೋಧಕ, ಇರುವಂತಿಲ್ಲ. ಶೀರ್ಷಿಕೆ ಕೆರಿಯರ್ ಎಂಬ ಪದದಿಂದಲೇ ಶುರುವಾಗಬೇಕು. ಬ್ರಾಡರ್ ಇಂಪ್ಯಾಕ್ಟ್ಸ್ (ಸಮಾಜಕ್ಕಾಗುವ ಉಪಯೋಗ) ಎಂಬ ಪ್ರತ್ಯೇಕ ತಲೆಬರಹ 15 ಪುಟದೊಳಗೆ ಇರಲೇಬೇಕು. ವಿಷಯ ಬೇರೆ ಕಡೆ ಬಂದಿದ್ದರೂ ತಲೆಬರಹ ಬಿಡುವಂತಿಲ್ಲ. ದತ್ತಾಂಶ ನಿರ್ವಹಣೆಗೆ ಎರಡು ಪುಟ, ಪೋಸ್ಟ್‌ಡಾಕ್ ಅಥವಾ ಸ್ನಾತಕೋತ್ತರ, ಪಿಎಚ್‌ಡಿ ವಿದ್ಯಾರ್ಥಿಗೆ ಹಣವಿದ್ದರೆ ಮಾರ್ಗದರ್ಶನ ಯೋಜನೆ ಒಂದು ಪುಟ. ಬಯೋಸ್ಕೆಚ್ (ಕಿರು ವೃತ್ತಿ ಪರಿಚಯ) ಸೈಎನ್‌ಸಿವಿ ಎಂಬ ಆನ್‌ಲೈನ್ ವ್ಯವಸ್ಥೆಯಲ್ಲೇ ತಯಾರಾಗಬೇಕು, ವರ್ಡ್‌ನಲ್ಲಿ ಬರೆದದ್ದು ನಡೆಯದು. ಸಮಾಧಾನದ ಸಂಗತಿಯೆಂದರೆ, ರಿವ್ಯೂ ಆಗದೆ ವಾಪಸಾದದ್ದು ಮೂರರ ಲೆಕ್ಕಕ್ಕೆ ಸೇರುವುದಿಲ್ಲ. ಆದರೆ ಒಂದು ಇಡೀ ವರ್ಷ ಹೋಗುತ್ತದೆ.

ಕೊನೆಯ ದಿನ ಜುಲೈನ ನಾಲ್ಕನೆಯ ಬುಧವಾರ, ನಿಮ್ಮ ಸಂಸ್ಥೆಯ ಸ್ಥಳೀಯ ಸಮಯ ಸಂಜೆ 5 ಗಂಟೆ. ಸಲ್ಲಿಸುವುದು ನೀವಲ್ಲ, ವಿಶ್ವವಿದ್ಯಾಲಯದ ಅಧಿಕಾರಿ. ಅವರು ಮೂರರಿಂದ ಐದು ಕೆಲಸದ ದಿನ ಮೊದಲೇ ಕೇಳುತ್ತಾರೆ. ಅಂದರೆ ನಿಜವಾದ ಗಡುವು ಅದರ ಹಿಂದಿನ ವಾರ. ಇದರಿಂದ ಹಿಂದಕ್ಕೆ ಎಣಿಸಿ: ಜೂನ್ ಕೊನೆಗೆ ನಿಮ್ಮ ಕ್ಷೇತ್ರದವರಲ್ಲದ ಇಬ್ಬರಿಗೆ ಪೂರ್ತಿ ಕರಡು, ಮೇನಲ್ಲಿ ಶಿಕ್ಷಣದ ಪಾಲುದಾರರೊಡನೆ ಮಾತು ಪೂರ್ತಿ, ಫೆಬ್ರುವರಿಯಿಂದ ಏಪ್ರಿಲ್ ನಡುವೆ ನಿಮ್ಮ ವಿಷಯದ ಗ್ರಾಂಟ್‌ಗಳನ್ನು ನೋಡಿಕೊಳ್ಳುವ ಎನ್‌ಎಸ್‌ಎಫ್‌ನ ಪ್ರೋಗ್ರಾಂ ಆಫೀಸರ್ ಜೊತೆ ಒಂದು ಕರೆ. ಅವರಿಗೆ ಒಂದು ಪುಟದ ಸಾರಾಂಶ ಕಳಿಸಿ ಅರ್ಧ ಗಂಟೆ ಸಮಯ ಕೇಳಿ. ‘ಐಡಿಯಾ ಚೆನ್ನಾಗಿದೆಯಾ’ ಎಂದು ಕೇಳಿದರೆ ಉಪಯೋಗವಿಲ್ಲ. ಇದು ನಿಮ್ಮ ಪ್ರೋಗ್ರಾಂಗೆ ಹೊಂದುತ್ತದೆಯೋ ಪಕ್ಕದ್ದಕ್ಕೋ, ಇದನ್ನು ಓದುವ ಪ್ಯಾನೆಲ್‌ನಲ್ಲಿ ಯಾವ ಬಗೆಯ ತಜ್ಞರಿರುತ್ತಾರೆ, ಪ್ರಯೋಗಕ್ಕಿಂತ ಸಿದ್ಧಾಂತಕ್ಕೆ ಒತ್ತು ಕೊಡಬೇಕೆ ಎಂದು ಕೇಳಿ. ತಪ್ಪು ಪ್ರೋಗ್ರಾಂಗೆ ಹೋದ ಒಳ್ಳೆಯ ಪ್ರೊಪೋಸಲ್ ಕಳೆದುಕೊಳ್ಳುವುದು ಮೂರರಲ್ಲಿ ಒಂದನ್ನು. ಅದೇ ಇಮೇಲ್‌ನಲ್ಲಿ ಬೇರೆ ಪ್ಯಾನೆಲ್‌ನಲ್ಲಿ ರಿವ್ಯೂ ಮಾಡಲು ಸಿದ್ಧ ಎಂದೂ ತಿಳಿಸಿ. ಎದುರಿಗೆ ಎಂಟು ಹತ್ತು ಪ್ರೊಪೋಸಲ್ ಇಟ್ಟುಕೊಂಡು ಓದಿದಾಗ ಮೊದಲ ಪುಟದ ಬೆಲೆ ಗೊತ್ತಾಗುತ್ತದೆ. ಇದಕ್ಕಿಂತ ಒಳ್ಳೆಯ ತಯಾರಿ ಇನ್ನೊಂದಿಲ್ಲ.

ಫಲಿತಾಂಶ ಬರಲು ಸುಮಾರು ಆರು ತಿಂಗಳು. ರಿವ್ಯೂದಾರರು ಎಕ್ಸಲೆಂಟ್‌ನಿಂದ ಪೂರ್ ವರೆಗೆ ಐದು ಮಟ್ಟದಲ್ಲಿ ಅಂಕ ಕೊಡುತ್ತಾರೆ, ಪ್ಯಾನೆಲ್ ಕೂತು ಚರ್ಚಿಸಿ ಸಾರಾಂಶ ಬರೆಯುತ್ತದೆ, ಶಿಫಾರಸು ಮಾಡುವುದು ಪ್ರೋಗ್ರಾಂ ಆಫೀಸರ್. ಸಿಗಲಿ ಬಿಡಲಿ, ಪ್ರತಿಯೊಬ್ಬರ ಪೂರ್ತಿ ಟಿಪ್ಪಣಿ ನಿಮಗೆ ಬರುತ್ತದೆ. ಈ ಒಂದು ಕಾರಣಕ್ಕೇ ಈ ಯೋಜನೆಗೆ ಹೆಚ್ಚು ಅಂಕ ಕೊಡಬೇಕು. ಯಾಕೆ ಸಿಗಲಿಲ್ಲ ಎಂಬ ಉತ್ತರವಿಲ್ಲದೆ ಮತ್ತೆ ಅರ್ಜಿ ಬರೆಯುವ ಕಷ್ಟ ಬಲ್ಲವರಿಗೆ ಇದರ ಬೆಲೆ ಗೊತ್ತು.

ಸಿಕ್ಕ ಮೇಲೆ ವಾರ್ಷಿಕ ವರದಿ ಮರೆಯಬೇಡಿ. ಆ ವರ್ಷದ ಅವಧಿ ಮುಗಿಯುವ 90 ದಿನ ಮೊದಲೇ ಅದನ್ನು ಸಲ್ಲಿಸಬೇಕು. ಕಂತಿನಲ್ಲಿ ಬರುವ ಗ್ರಾಂಟ್ ಆದರೆ ವರದಿ ಒಪ್ಪಿಗೆಯಾಗದೆ ಮುಂದಿನ ಕಂತು ಬಿಡುಗಡೆಯಾಗದು. ಗ್ರಾಂಟ್ ಇರುವುದು ವಿಶ್ವವಿದ್ಯಾಲಯದ ಹೆಸರಿನಲ್ಲಿ. ಅಮೆರಿಕದಲ್ಲೇ ಬೇರೆ ವಿಶ್ವವಿದ್ಯಾಲಯಕ್ಕೆ ಹೋದರೆ ಎರಡೂ ಕಡೆ ಒಪ್ಪಿಸಿ ವರ್ಗಾಯಿಸಬಹುದು. ಭಾರತಕ್ಕೆ ಮರಳಿದರೆ ಅದು ಜೊತೆಗೆ ಬರುವುದಿಲ್ಲ, ಆ ಯೋಚನೆ ಇರುವವರು ಇದನ್ನು ಲೆಕ್ಕಕ್ಕೆ ತೆಗೆದುಕೊಳ್ಳಲಿ. 2025ರ ಏಪ್ರಿಲ್‌ನಿಂದ ಎನ್‌ಎಸ್‌ಎಫ್ ಸಾವಿರಕ್ಕೂ ಹೆಚ್ಚು ಗ್ರಾಂಟ್‌ಗಳನ್ನು ನಡುದಾರಿಯಲ್ಲೇ ರದ್ದುಮಾಡಿತು. ಶಿಕ್ಷಣ ಮತ್ತು ಎಲ್ಲರನ್ನೂ ಒಳಗೊಳ್ಳುವ ಯೋಜನೆಗಳಿಗೆ ಹೆಚ್ಚು ಪೆಟ್ಟು ಬಿತ್ತು. ಮೂರನೆಯ ವರ್ಷದ ಪಿಎಚ್‌ಡಿ ವಿದ್ಯಾರ್ಥಿಯ ಸ್ಟೈಪೆಂಡ್ ಒಂದೇ ಪತ್ರದಲ್ಲಿ ನಿಲ್ಲುವುದು ಸಣ್ಣ ಸಂಗತಿಯಲ್ಲ. ಐದು ವರ್ಷದ ಭರವಸೆ ಎಂಬ ಈ ಗ್ರಾಂಟ್‌ನ ಮುಖ್ಯ ಬಲವೇ ಅಲ್ಲಾಡಿದೆ. ಅಧ್ಯಾಪಕ ವೃತ್ತಿ ಶುರುಮಾಡುವಾಗ ವಿಶ್ವವಿದ್ಯಾಲಯ ಕೊಟ್ಟ ಸ್ಟಾರ್ಟ್‌ಅಪ್ ಹಣದಲ್ಲಿ ಒಬ್ಬ ವಿದ್ಯಾರ್ಥಿಯ ಒಂದು ವರ್ಷದ ಖರ್ಚನ್ನು ಮುಟ್ಟದೆ ಇಟ್ಟುಕೊಳ್ಳುವುದು ಈಗ ಅಗತ್ಯ.

ಮೂರು ಅವಕಾಶವನ್ನು ಹೇಗೆ ಹಂಚುವುದು? ಸೇರಿದ ಮೊದಲ ಜುಲೈಯಲ್ಲೇ ಹಾಕುವುದು ಬಹುಮಟ್ಟಿಗೆ ದುಂದು. ಸ್ವಂತ ಲ್ಯಾಬ್‌ನ ಒಂದು ಗ್ರಾಫ್ ಕೂಡ ಆಗ ಕೈಯಲ್ಲಿರುವುದಿಲ್ಲ. ಎರಡನೆಯ ಬೇಸಿಗೆ ಸರಿಯಾದ ಕಾಲ. ಸಿಗದಿದ್ದರೆ ಟಿಪ್ಪಣಿಗಳನ್ನು ಎರಡು ರಾಶಿ ಮಾಡಿ: ‘ವಿವರ ಸಾಲದು’ ಎಂಬಂಥವು ಒಂದು, ‘ಪ್ರಶ್ನೆಯೇ ಮುಖ್ಯವಲ್ಲ’ ಎಂಬಂಥವು ಇನ್ನೊಂದು. ಮೊದಲ ರಾಶಿ ದೊಡ್ಡದಿದ್ದರೆ ತಿದ್ದಿ ಮುಂದಿನ ಜುಲೈಗೇ ಹಾಕಿ. ಎರಡನೆಯದು ದೊಡ್ಡದಿದ್ದರೆ ಒಂದು ವರ್ಷ ಬಿಟ್ಟು, ಆ ಐಡಿಯಾದ ಸಂಶೋಧನಾ ಭಾಗವನ್ನು ಮಾತ್ರ ಮೂರು ವರ್ಷದ ಸಾಮಾನ್ಯ ಗ್ರಾಂಟ್ ಆಗಿ ಅದೇ ಪ್ರೋಗ್ರಾಂಗೆ ಕಳಿಸಿ. ಅಲ್ಲಿ ಜೀವಮಾನದ ಮಿತಿ ಇಲ್ಲ, ಜೊತೆಗೊಬ್ಬ ಕೋ-ಪಿಐ ಕೂಡ ಇರಬಹುದು. ಮೂರನೆಯ ಕೆರಿಯರ್ ಪ್ರಯತ್ನವನ್ನು ಟೆನ್ಯೂರ್ ಕಡತ ಹೊರಡುವ ಮೊದಲಿನ ಕೊನೆಯ ಜುಲೈವರೆಗೆ ಕಾಯ್ದಿಟ್ಟುಕೊಳ್ಳಿ. ಆ ಹೊತ್ತಿಗೆ ಸ್ವಂತ ವಿದ್ಯಾರ್ಥಿಗಳ ಹೆಸರಿನಲ್ಲಿ ಎರಡು ಮೂರು ಪೇಪರ್ ಬಂದಿರುತ್ತವೆ, ಕೋರ್ಸ್ ಒಂದೆರಡು ಸಲ ಕಲಿಸಿ ಆಗಿರುತ್ತದೆ. ಶಿಕ್ಷಣ ಯೋಜನೆಯಲ್ಲಿ ‘ಮಾಡುತ್ತೇವೆ’ ಎಂದಿದ್ದ ಕಡೆ ‘ಒಂದು ಬ್ಯಾಚ್‌ನಲ್ಲಿ ಮಾಡಿ ನೋಡಿದ್ದೇವೆ’ ಎಂದು ಬರೆಯಲು ಬರುತ್ತದೆ.