ಕನ್ನಡ ಅಕ್ಷರ ಕೆತ್ತುವ ಮನೆ ಸಿಎನ್‌ಸಿಗೆ ಡಿಎಂ542 ಡ್ರೈವರ್: ಬಹಳ ಕಾಲ ಬಳಸಿದ ಮೇಲೆ

ಮೈಸೂರಿನ ಹೆಬ್ಬಾಳ ಕಡೆ ಒಂದು ಶೆಡ್ಡಿನಲ್ಲಿ ನಮ್ಮ ಮರದ ಕೆಲಸ ನಡೆಯುತ್ತದೆ. ಮನೆ ಮುಂದೆ ಹಾಕುವ ನಾಮಫಲಕ, ದೇವರಮನೆ ಬಾಗಿಲಿನ ಕೆತ್ತನೆ ಮಾಡುತ್ತೇವೆ. ಇನ್‌ಲೇ ಕೆಲಸದವರಿಗೆ ಬೀಟೆ ಹಲಗೆಯಲ್ಲಿ ಕುಳಿ ತೆಗೆದುಕೊಡುತ್ತೇವೆ. ಸಿಎನ್‌ಸಿ ರೂಟರ್, ಅಂದರೆ ಕಂಪ್ಯೂಟರ್ ಹೇಳಿದ ಹಾಗೆ ಮರ ಕೆತ್ತುವ ಮಷೀನು, ನಾವೇ ಕಟ್ಟಿದ್ದು. ಅಲ್ಯೂಮಿನಿಯಂ ಪ್ರೊಫೈಲ್ ಚೌಕಟ್ಟು, 16 ಮಿ.ಮೀ. ದಪ್ಪ 5 ಮಿ.ಮೀ. ಪಿಚ್ಚಿನ ಬಾಲ್ ಸ್ಕ್ರೂ (ಒಂದು ಸುತ್ತಿಗೆ 5 ಮಿ.ಮೀ. ಸಾಗಿಸುವ ಸ್ಕ್ರೂ), ನೇಮಾ 23 ಗಾತ್ರದ ಮೂರು ಸ್ಟೆಪರ್ ಮೋಟರ್ (ಹೆಜ್ಜೆ ಹೆಜ್ಜೆಯಾಗಿ ತಿರುಗುವ ಮೋಟರ್), ಆರ್ಡುಯಿನೊ ಊನೊ ಅನ್ನುವ ಪುಟ್ಟ ಕಂಟ್ರೋಲರ್ ಬೋರ್ಡಿನ ಮೇಲೆ ಜಿಆರ್‌ಬಿಎಲ್ ಅನ್ನುವ ಸಾಫ್ಟ್‌ವೇರ್. ಕಂಟ್ರೋಲರಿನ ಸಂಕೇತ ಪಡೆದು ಮೋಟರಿಗೆ ಕರೆಂಟ್ ಕೊಡುವ ಡಬ್ಬಿಗೆ ಡ್ರೈವರ್ ಅನ್ನುತ್ತಾರೆ. ಮೂರೂ ಮೋಟರಿಗೆ ಡಿಎಂ542 ಡ್ರೈವರ್ ಹಾಕಿ ಎರಡು ವರ್ಷಕ್ಕೂ ಜಾಸ್ತಿ ಆಯಿತು. ಹೆಚ್ಚೂಕಡಿಮೆ ದಿನಾ ಓಡುವ ಮಷೀನು. ಈ ಗಾತ್ರದ ಮೋಟರಿಟ್ಟು, ಅದರಿಂದಲೇ ದುಡಿಯಬೇಕು ಅನ್ನುವವರು ಇದಕ್ಕಿಂತ ಕಡಿಮೆ ಡ್ರೈವರ್ ಹಾಕಬೇಡಿ. ನನ್ನ ಅಭಿಪ್ರಾಯ ಇಷ್ಟೇ. ಯಾಕೆ ಅಂತ ವಿವರವಾಗಿ ಹೇಳುತ್ತೇನೆ.

ಡ್ರೈವರ್ ಹೇಗಿದೆ ಅಂತ ತಿಳಿಯಬೇಕಾದರೆ ಕನ್ನಡ ಅಕ್ಷರ ಕೆತ್ತಿಸಿ ನೋಡಿ. ಇಂಗ್ಲಿಷಿನ ದೊಡ್ಡಕ್ಷರಗಳಲ್ಲಿ ನೆಟ್ಟಗಿನ ಗೆರೆ ಜಾಸ್ತಿ, ಒಂದು ಆಕ್ಸಿಸ್ (ಅಡ್ಡ ಅಥವಾ ಉದ್ದದ ದಿಕ್ಕು) ಓಡುವಾಗ ಇನ್ನೊಂದು ಸುಮ್ನೆ ನಿಂತಿರುತ್ತದೆ. ನಮ್ಮ ಅಕ್ಷರ ಹಾಗಲ್ಲ, ಎಲ್ಲೆಲ್ಲೂ ಬಳುಕು. ಒಂದು 'ಶ್ರೀ' ಬರೆಯುವಷ್ಟರಲ್ಲಿ ಎಕ್ಸ್, ವೈ ಎರಡೂ ಎಷ್ಟೋ ಸಲ ನಿಧಾನವಾಗಿ, ನಿಂತು, ಹಿಂದಕ್ಕೆ ತಿರುಗಬೇಕು. ಬಳುಕಿನ ತುದಿಗೆ ಬಂದಾಗ ಒಂದು ಮೋಟರ್ ತೆವಳುತ್ತಿರುತ್ತದೆ, ಇನ್ನೊಂದು ಪೂರ್ತಿ ವೇಗದಲ್ಲಿರುತ್ತದೆ. ಆ ತೆವಳುವ ಜಾಗದಲ್ಲೇ ಡ್ರೈವರಿನ ಬಂಡವಾಳ ಗೊತ್ತಾಗುವುದು.

ಮೊದಲು ನಮ್ಮಲ್ಲಿದ್ದದ್ದು ಟಿಬಿ6600 ಅನ್ನುವ ಹೆಸರಲ್ಲಿ ಸಿಗುವ ಅಗ್ಗದ ಡ್ರೈವರುಗಳು. ಟಿಬಿ6600 ಅನ್ನುವುದು ತೋಷಿಬಾದ ಒಂದು ಚಿಪ್ಪಿನ ಹೆಸರು. ಆದರೆ ಆ ಹೆಸರಿನ ಎಷ್ಟೋ ಡಬ್ಬಿಗಳ ಒಳಗೆ ಇರುವುದು ಬೇರೆ ಚಿಪ್ಪು, ಟಿಬಿ67ಎಸ್109. ಹಾಗಾಗಿ ಹೆಸರು ನೋಡಿ ಇಂಥದ್ದೇ ಕೆಲಸ ಮಾಡುತ್ತದೆ ಅಂತ ಹೇಳಲು ಬರುವುದಿಲ್ಲ. ನಮ್ಮದರಲ್ಲಿ ಅಕ್ಷರದ ಒಳಗೋಡೆ ಮೇಲೆ ಸಣ್ಣ ಅಲೆ ಮೂಡುತ್ತಿತ್ತು. ಬೆಳಕನ್ನು ಓರೆಯಾಗಿ ಹಿಡಿದರೆ ಕಾಣುತ್ತದೆ, ಉಗುರು ಎಳೆದರೆ ಕಟಕಟ ತಾಗುತ್ತದೆ. ಮೋಟರಿನ ಕರೆಂಟ್ ಸೊನ್ನೆ ದಾಟುವ ಹೊತ್ತಿಗೆ ಅದನ್ನು ತೀರಾ ಸಣ್ಣ ಪ್ರಮಾಣದಲ್ಲಿ ಹಿಡಿದಿಡಬೇಕು. ಅದು ಆಗದಿದ್ದರೆ ಮೈಕ್ರೋಸ್ಟೆಪ್ಪುಗಳು (ಒಂದು ಹೆಜ್ಜೆಯನ್ನು ಒಡೆದು ಮಾಡಿದ ಸಣ್ಣ ಹೆಜ್ಜೆಗಳು) ಸಮನಾಗಿ ಬೀಳುವುದಿಲ್ಲ, ಮೋಟರ್ ತಡೆದು ತಡೆದು ಹಾರುತ್ತದೆ. ಮರದಲ್ಲಿ ಕಾಣುವ ಅಲೆ ಅದೇ.

ಡಿಎಂ542ರಲ್ಲಿ ಕರೆಂಟ್ ಹಿಡಿತ ಡಿಜಿಟಲ್. ಲೀಡ್‌ಶೈನ್ ಕಂಪನಿಯ ಅಸಲಿ ಡ್ರೈವರ್ ಆನ್ ಆದ ಕೂಡಲೇ ಮೋಟರನ್ನು ಅಳೆದುಕೊಂಡು ತನ್ನನ್ನು ಅದಕ್ಕೆ ಹೊಂದಿಸಿಕೊಳ್ಳುತ್ತದೆ. ಅದೇ ಪ್ರೋಗ್ರಾಂ, ಅದೇ ಬಿಟ್, ಅದೇ ತೇಗದ ಹಲಗೆ ಇಟ್ಟು ಕೆತ್ತಿಸಿದೆವು. ಅಲೆ ಪೂರ್ತಿ ಹೋಯಿತು ಅಂತ ಹೇಳುವುದಿಲ್ಲ, ಆದರೆ ಹುಡುಕಿ ನೋಡಬೇಕು ಅನ್ನುವಷ್ಟು ಕಡಿಮೆ ಆಯಿತು. ಫಿನಿಶಿಂಗ್ ಮಾಡುವ ನಮ್ಮ ಆಚಾರ್ರಿಗೆ ಡ್ರೈವರ್ ಬದಲಾಯಿಸಿದ ವಿಷಯ ನಾವು ಹೇಳಿರಲಿಲ್ಲ. ಮಧ್ಯಾಹ್ನ ಅವರೇ ಬಂದು, "ಸಾರ್, ಈ ಹಲಗೆಗೆ ಉಪ್ಪುಕಾಗದ ಜಾಸ್ತಿ ಕೇಳ್ಲಿಲ್ಲ" ಅಂದರು. ನನಗೆ ಅದಕ್ಕಿಂತ ಒಳ್ಳೆಯ ಪರೀಕ್ಷೆ ಬೇಕಿರಲಿಲ್ಲ.

ಎರಡನೆಯದು ಸ್ಟೆಪ್ ತಪ್ಪುವ ವಿಷಯ. ಹಳೆ ಡ್ರೈವರಿನಲ್ಲಿ 'ಚಾಮುಂಡೇಶ್ವರಿ ನಿಲಯ' ಕೆತ್ತುವಾಗ 'ಚಾಮುಂಡೇಶ್ವರಿ' ಸರಿಯಾಗಿ ಬಂದು, 'ನಿಲಯ' ಮಾತ್ರ ಸುಮಾರು ಎರಡು ಮಿ.ಮೀ. ಕೆಳಗೆ ಜಾರಿತ್ತು. ಹಲಗೆ ಹಾಳು. ಇಂಥ ಮಷೀನು ಕಣ್ಣು ಕಟ್ಟಿಕೊಂಡು ಹೆಜ್ಜೆ ಎಣಿಸಿ ನಡೆದ ಹಾಗೆ. ಕಂಟ್ರೋಲರ್ ಒಂದೊಂದು ಹೆಜ್ಜೆಗೆ ಒಂದೊಂದು ಪಲ್ಸ್ (ವಿದ್ಯುತ್ ಸಂಕೇತ) ಕಳಿಸುತ್ತದೆ, ಮೋಟರ್ ನಿಜವಾಗಿ ತಿರುಗಿತೋ ಇಲ್ಲವೋ ಅಂತ ಅದಕ್ಕೆ ತಿಳಿಯುವುದಿಲ್ಲ. ಆದ್ದರಿಂದ ಮೋಟರಿಗೆ ಬಲ ಯಾವತ್ತೂ ಕಡಿಮೆ ಬೀಳದ ಹಾಗೆ ನೋಡಿಕೊಳ್ಳಬೇಕು. ಅದು ಕರೆಂಟ್ ಮತ್ತು ವೋಲ್ಟೇಜಿನ ಮಾತು.

ಮೋಟರಿನ ಲೇಬಲ್ ನೋಡಿದವರಿಗೆ ಮೊದಲು ಗೊಂದಲ ಆಗುವುದು ವೋಲ್ಟೇಜಿನಲ್ಲಿ. ನನ್ನ ಮೋಟರಿಗೆ 2.8 ಆಂಪಿಯರ್, ಸುರುಳಿಯ ರೆಸಿಸ್ಟೆನ್ಸ್ 1.1 ಓಮ್. ಗುಣಿಸಿದರೆ 3 ವೋಲ್ಟ್ ಚಿಲ್ಲರೆ. ಅದಕ್ಕೆ 36 ವೋಲ್ಟ್ ಕೊಟ್ಟರೆ ಸುಟ್ಟುಹೋಗಲ್ವಾ ಅಂತ ಎಲ್ಲರೂ ಕೇಳುತ್ತಾರೆ. ಹೋಗುವುದಿಲ್ಲ. ಡ್ರೈವರ್ ಕರೆಂಟನ್ನು ಅಳೆಯುತ್ತಲೇ ಇರುತ್ತದೆ. ನಾವಿಟ್ಟ ಮಿತಿ ಮುಟ್ಟಿದ ಕೂಡಲೇ ಕತ್ತರಿಸುತ್ತದೆ, ಮತ್ತೆ ಬಿಡುತ್ತದೆ, ಸೆಕೆಂಡಿಗೆ ಸಾವಿರಾರು ಸಲ. ಜಾಸ್ತಿ ವೋಲ್ಟೇಜ್ ಬೇಕಾಗುವುದು ವೇಗಕ್ಕೆ. ಸುರುಳಿಯ ಇಂಡಕ್ಟೆನ್ಸ್ ಕರೆಂಟನ್ನು ತಟ್ಟನೆ ಏರಲು ಬಿಡುವುದಿಲ್ಲ. ಮೋಟರ್ ಜೋರಾಗಿ ತಿರುಗಿದಷ್ಟೂ ಒಂದೊಂದು ಸ್ಟೆಪ್ಪಿಗೆ ಸಿಗುವ ಸಮಯ ಕಡಿಮೆ. ಕರೆಂಟ್ ಪೂರ್ತಿ ಏರುವ ಮುಂಚೆಯೇ ಮುಂದಿನ ಸ್ಟೆಪ್ ಬಂದುಬಿಡುತ್ತದೆ, ಬಲ ಕುಸಿಯುತ್ತದೆ. ವೋಲ್ಟೇಜ್ ಜಾಸ್ತಿ ಇದ್ದರೆ ಕರೆಂಟ್ ಬೇಗ ಏರುತ್ತದೆ. ಬಳಕೆಯಲ್ಲಿರುವ ಲೆಕ್ಕ ಒಂದಿದೆ: ಇಂಡಕ್ಟೆನ್ಸನ್ನು ಮಿಲಿಹೆನ್ರಿಯಲ್ಲಿ ಹಿಡಿದು, ಅದರ ವರ್ಗಮೂಲವನ್ನು 32ರಿಂದ ಗುಣಿಸಿ. ಬರುವುದು ಆ ಮೋಟರಿಗೆ ಕೊಡಬಹುದಾದ ಗರಿಷ್ಠ ವೋಲ್ಟೇಜ್. ನನ್ನ ಮೋಟರಿನ 3.6 ಮಿಲಿಹೆನ್ರಿಗೆ ಹತ್ತಿರ ಹತ್ತಿರ 60 ಬರುತ್ತದೆ.

ಡಿಎಂ542 ತೆಗೆದುಕೊಳ್ಳುವುದು 20ರಿಂದ 50 ವೋಲ್ಟ್. 48 ವೋಲ್ಟ್ ಸಪ್ಲೈ ಹಾಕಿದರಾಯಿತು ಅನ್ನಿಸುತ್ತದೆ. ನಾನು 36ಕ್ಕೇ ನಿಂತಿದ್ದೇನೆ. ವೇಗದಲ್ಲಿರುವ ಮೋಟರ್ ತಟ್ಟನೆ ನಿಲ್ಲುವಾಗ ಅದೇ ಜನರೇಟರ್ ಆಗಿ ಕರೆಂಟನ್ನು ವಾಪಸ್ ತಳ್ಳುತ್ತದೆ, ವೋಲ್ಟೇಜ್ ಏರುತ್ತದೆ. 48 ಇಟ್ಟರೆ 50ರ ಮಿತಿಯೊಳಗೆ ಅದಕ್ಕೆ ಜಾಗವೇ ಇರುವುದಿಲ್ಲ. ನಮ್ಮ ಮೂರು ಮೋಟರಿಗೆ 36 ವೋಲ್ಟಿನ 350 ವಾಟ್ ಎಸ್‌ಎಂಪಿಎಸ್ (ಪವರ್ ಸಪ್ಲೈ) ಧಾರಾಳವಾಗಿ ಸಾಕಾಗಿದೆ.

ಕರೆಂಟ್ ಇಡುವಾಗ ಮಾತ್ರ ದಯವಿಟ್ಟು ಕೋಷ್ಟಕ ಸರಿಯಾಗಿ ಓದಿ. ಡ್ರೈವರಿನ ಮೈಮೇಲೆ ಪೀಕ್ (ಕರೆಂಟ್ ಮುಟ್ಟುವ ಗರಿಷ್ಠ ಮಟ್ಟ), ಆರ್‌ಎಂಎಸ್ (ಅದರ ಒಂದು ಬಗೆಯ ಸರಾಸರಿ) ಅಂತ ಎರಡು ಸಾಲು ಇರುತ್ತವೆ. 2.8 ಆಂಪಿಯರ್ ಮೋಟರ್ ಇದ್ದವರು ಪೀಕ್ ಸಾಲಿನಲ್ಲಿ 2.84 ನೋಡಿ ಖುಷಿಯಾಗಿ ಅದನ್ನೇ ಇಟ್ಟುಬಿಡುತ್ತಾರೆ. ಅಲ್ಲಿ ಆರ್‌ಎಂಎಸ್ ಬರೀ 2.03. ಮೋಟರಿನ ಲೇಬಲ್ಲಿನಲ್ಲಿರುವ ಸಂಖ್ಯೆ ಹೊಂದುವುದು ಆರ್‌ಎಂಎಸ್ ಜೊತೆ. ನಮ್ಮ ಮೂರೂ ಡ್ರೈವರಿನಲ್ಲಿ ಪೀಕ್ 3.76, ಆರ್‌ಎಂಎಸ್ 2.69 ಇದೆ. ಇವೆರಡು ಸೆಟ್ಟಿಂಗಿಗೆ ಬಲದಲ್ಲಿ ಕಾಲುಭಾಗದಷ್ಟು ವ್ಯತ್ಯಾಸ. ಅಗ್ಗದ ಮೋಟರ್ ಅಂತ ಬೈಯುವ ಮುಂಚೆ ಕರೆಂಟ್ ಇಡುವ ಈ ಪುಟ್ಟ ಡಿಪ್ ಸ್ವಿಚ್ಚುಗಳನ್ನು ನೋಡುವುದು ಒಳ್ಳೆಯದು. ನಾಲ್ಕನೇ ಸ್ವಿಚ್ ಆಫ್ ಇಟ್ಟರೆ ಮೋಟರ್ ನಿಂತಾಗ ಕರೆಂಟ್ ಅರ್ಧಕ್ಕೆ ಇಳಿಯುತ್ತದೆ. ಬೇಸಿಗೆಯಲ್ಲಿ ಶೀಟಿನ ಶೆಡ್ಡಿನ ಕೆಳಗೆ ಇದು ಬಹಳ ಉಪಕಾರಿ.

ಮೈಕ್ರೋಸ್ಟೆಪ್ ಜಾಸ್ತಿ ಇದ್ದಷ್ಟೂ ಒಳ್ಳೆಯದು ಅನ್ನುವುದನ್ನು ನಾನು ಒಪ್ಪುವುದಿಲ್ಲ. ನಮ್ಮದು ಮೋಟರಿನ ಒಂದು ಸುತ್ತಿಗೆ 1600 ಪಲ್ಸ್, ಅಂದರೆ ಒಂದು ಮಿ.ಮೀ.ಗೆ 320. ನಿಮಿಷಕ್ಕೆ 3000 ಮಿ.ಮೀ. ಓಡಿಸಿದರೆ ಸೆಕೆಂಡಿಗೆ 16,000 ಪಲ್ಸ್ ಬೇಕು. ಊನೊ ಮೇಲಿನ ಜಿಆರ್‌ಬಿಎಲ್ ಸುಮಾರು 30,000ದವರೆಗೆ ಕೊಡುತ್ತದೆ. 6400ಕ್ಕೆ ಏರಿಸಿದರೆ ಅದೇ ವೇಗಕ್ಕೆ 64,000 ಬೇಕಾಗುತ್ತದೆ, ಕಂಟ್ರೋಲರಿಗೆ ಆಗುವುದೇ ಇಲ್ಲ. ಇನ್ನು ನಿಖರತೆ ಬರುವುದು ಸ್ಕ್ರೂ, ಚೌಕಟ್ಟು, ಸ್ಪಿಂಡಲಿನಿಂದ. ಬೀಟೆ ಮರದಲ್ಲಿ ಇನ್‌ಲೇ ಕುಳಿ ಕೂದಲೆಳೆಯಷ್ಟು ಬಿಗಿಯಾಗಿ ಬರಬೇಕಾದರೆ ಅವು ಗಟ್ಟಿಯಾಗಿರಬೇಕು.

ವೈರಿಂಗ್ ಬಗ್ಗೆ ಎರಡು ಮಾತು. ಪಲ್ಸ್, ಡೈರೆಕ್ಷನ್ ಒಳಬರುವ ಕಡೆ ಆಪ್ಟೊಕಪ್ಲರ್ (ಸಂಕೇತವನ್ನು ಬೆಳಕಿನ ಮೂಲಕ ದಾಟಿಸುವ ಬಿಡಿಭಾಗ) ಇದೆ, ಹಾಗಾಗಿ ಮೋಟರ್ ಕಡೆಯ ಗಲಾಟೆ ಆರ್ಡುಯಿನೊಗೆ ತಲುಪುವುದು ಕಡಿಮೆ. 5 ವೋಲ್ಟಿನ ಊನೊ ನೇರವಾಗಿ ನಡೆಸುತ್ತದೆ. 3.3 ವೋಲ್ಟಿನ ಇಎಸ್‌ಪಿ32 ಬೋರ್ಡ್ ಇದ್ದರೆ ನಡುವೆ ಸಂಕೇತವನ್ನು 5 ವೋಲ್ಟಿಗೆ ಏರಿಸುವ 74ಎಚ್‌ಸಿಟಿ245ನಂಥ ಲೆವೆಲ್ ಶಿಫ್ಟರ್ ಹಾಕಿ. ಮೋಟರಿಗೆ ಹೋಗುವ ಕೇಬಲ್ ಶೀಲ್ಡ್ ಇರುವಂಥದ್ದೇ ತಗೊಳ್ಳಿ, ಲಿಮಿಟ್ ಸ್ವಿಚ್ಚಿನ (ಓಟದ ತುದಿ ಬಂತು ಅಂತ ತಿಳಿಸುವ ಸ್ವಿಚ್ಚು) ತಂತಿಯನ್ನು ಅದರಿಂದ ದೂರ ಎಳೆಯಿರಿ. ಶೆಡ್ಡಿನ ಅರ್ಥಿಂಗ್ ಒಂದು ಸಲ ಎಲೆಕ್ಟ್ರಿಷಿಯನ್ ಕೈಲಿ ನೋಡಿಸಿ. ಎಸ್‌ಎಂಪಿಎಸ್ ಆನ್ ಇರುವಾಗ ಮೋಟರಿನ ತಂತಿ ಯಾವ ಕಾರಣಕ್ಕೂ ಬಿಚ್ಚಬಾರದು. ಸುರುಳಿಯಲ್ಲಿದ್ದ ಕರೆಂಟ್ ತಟ್ಟನೆ ಕಡಿದಾಗ ಏಳುವ ವೋಲ್ಟೇಜ್ ಡ್ರೈವರನ್ನೇ ತಿನ್ನುತ್ತದೆ.

ಬೇಸರದ ಸಂಗತಿಗಳೂ ಇವೆ. ಡಿಎಂ542 ಅನ್ನುವ ಹೆಸರಲ್ಲಿ ಬೇರೆ ಬೇರೆಯವರು ಮಾಡಿದ್ದು ಸಿಗುತ್ತದೆ, ಎಲ್ಲದರ ಗುಣ ಒಂದೇ ಅಲ್ಲ. ಆನ್‌ಲೈನಿನಲ್ಲಿ ತರಿಸಿದ ಒಂದರಲ್ಲಿ ಡೈರೆಕ್ಷನ್ ಕೆಲಸವೇ ಮಾಡಲಿಲ್ಲ, ಮೋಟರ್ ಒಂದೇ ಕಡೆ ತಿರುಗುತ್ತಿತ್ತು. ವಾಪಸ್ ಕಳಿಸಿ ಬೇರೆ ಬರುವ ತನಕ ಗೃಹಪ್ರವೇಶದ ಸೀಸನ್ನಿನಲ್ಲೇ ಮಷೀನು ನಿಂತಿತ್ತು. ಹಸಿರು ಟರ್ಮಿನಲ್ಲಿನ ಸ್ಕ್ರೂಗಳು ಸ್ಪಿಂಡಲಿನ ನಡುಕಕ್ಕೆ ಸಡಿಲಾಗುತ್ತವೆ. ತಂತಿ ತುದಿಗೆ ಫೆರೂಲ್ (ಲೋಹದ ಪುಟ್ಟ ಕೊಳವೆ) ಹಾಕಿ ಬಿಗಿ ಮಾಡಿದ ಮೇಲೆ ಆ ಕಾಟ ಹೋಯಿತು. ನಿಂತಾಗ ಬರುವ ಕುಯ್ಯನೆ ಸದ್ದು ಕೆಲವರಿಗೆ ಹಿಡಿಸುವುದಿಲ್ಲ. ಮರದ ಪುಡಿ ಹೀಟ್ ಸಿಂಕಿನ ರೆಕ್ಕೆಗಳ ನಡುವೆ ಗಟ್ಟಿಯಾಗಿ ಕೂರುತ್ತದೆ, ವಾರಕ್ಕೊಮ್ಮೆ ಬ್ಲೋವರ್ ಹಿಡಿಯಲೇಬೇಕು.

ಇಷ್ಟು ದುಡ್ಡು ಕೊಡುವ ಬದಲು ನಾವೇ ಕಟ್ಟೋಣ ಅನ್ನುವವರಿದ್ದಾರೆ. ಮಂಡ್ಯದಿಂದ ಬಂದಿದ್ದ ಒಬ್ಬ ಇಂಜಿನಿಯರಿಂಗ್ ಹುಡುಗ, "ಅಣ್ಣ, ಎಲ್297, ಎಲ್298 ಚಿಪ್ಪು ಹಾಕಿ ಮಾಡಿದ್ರೆ ಆಗಲ್ವಾ?" ಅಂತ ಕೇಳಿದ. ಕಲಿಯುವುದಕ್ಕೆ ಅದಕ್ಕಿಂತ ಒಳ್ಳೆಯ ಸರ್ಕ್ಯೂಟ್ ಇಲ್ಲ, ಖಂಡಿತ ಮಾಡಬೇಕು. ಆದರೆ ಎಲ್298 ಒಳಗಿರುವುದು ಹಳೆ ಕಾಲದ ಬೈಪೋಲಾರ್ ಟ್ರಾನ್ಸಿಸ್ಟರ್. 2 ಆಂಪಿಯರಿನಲ್ಲಿ 4.9 ವೋಲ್ಟಿನವರೆಗೆ ಚಿಪ್ಪಿನಲ್ಲೇ ಕಳೆದುಹೋಗಬಹುದು. ಒಂದು ಸುರುಳಿಗೆ ಹತ್ತಿರ ಹತ್ತಿರ 10 ವಾಟ್ ಬರೀ ಬಿಸಿ. ನನ್ನ ಮೋಟರಿಗೆ ಬೇಕಾದ ಕರೆಂಟನ್ನು ಅದು ಮುಟ್ಟುವುದೂ ಇಲ್ಲ. ಇದಕ್ಕಿಂತ ಚಿಕ್ಕ ನೇಮಾ 17 ಮೋಟರ್ ಹಾಕಿದ, ಪಿಸಿಬಿ (ಸರ್ಕ್ಯೂಟ್ ಬೋರ್ಡ್) ಕೊರೆಯುವ ಚಿಕ್ಕ ಮಷೀನಿಗೆ ಎ4988 ಅಥವಾ ಟಿಎಂಸಿ2209 ಅನ್ನುವ ಪುಟ್ಟ ಡ್ರೈವರ್ ಸಾಕು, ಟಿಎಂಸಿಯಂತೂ ಸದ್ದೇ ಮಾಡುವುದಿಲ್ಲ. ಅಂಥವರಿಗೆ ಡಿಎಂ542 ಸುಮ್ನೆ ಖರ್ಚು.

ಒಂದು ಡಿಎಂ542ರ ದುಡ್ಡಿಗೆ ಟಿಬಿ6600 ಹೆಸರಿನವು ಹೆಚ್ಚೂಕಡಿಮೆ ಎರಡು ಬರುತ್ತವೆ. ಹಾಳಾದ ಒಂದು ತೇಗದ ಹಲಗೆ, ಆಚಾರ್ರ ಅರ್ಧ ದಿನದ ಕೂಲಿ ಲೆಕ್ಕ ಹಾಕಿದರೆ ಆ ಉಳಿತಾಯ ಅಲ್ಲಿಗೇ ಮುಗಿಯುತ್ತದೆ. ಕೊಳ್ಳುವಾಗ ಮೂರರ ಬದಲು ನಾಲ್ಕು ತಗೊಳ್ಳಿ. ನಾಲ್ಕನೆಯದರ ಡಿಪ್ ಸ್ವಿಚ್ಚುಗಳನ್ನೂ ಅದೇ ರೀತಿ ಇಟ್ಟು, ಬಂದ ವಾರದಲ್ಲೇ ಒಂದು ದಿನ ಮಷೀನಿಗೆ ಹಾಕಿ ಓಡಿಸಿ ನೋಡಿ. ದೋಷ ಇದ್ದರೆ ವಾಪಸ್ ಕೊಡುವ ಅವಧಿಯೊಳಗೇ ಗೊತ್ತಾಗುತ್ತದೆ.